‘ಇತರೆ’ಯಲ್ಲಿ ಕುಳಿತ ಮಾನವ ಹಕ್ಕು

2025ರ ಜುಲೈ ಕೊನೆಯ ವಾರ. ನಮ್ಮೂರ ಬಸ್ ನಿಲ್ದಾಣದ ಎದುರಿನ ಸೈಬರ್ ಅಂಗಡಿಯಲ್ಲಿ ಕುಳಿತು ಪದ್ಮ ಪ್ರಶಸ್ತಿಗೆ ಒಬ್ಬರ ಹೆಸರು ಸೂಚಿಸುವ ಕೆಲಸಕ್ಕೆ ಕೈ ಹಾಕಿದ್ದೆ. ನಾಮನಿರ್ದೇಶನಕ್ಕೆ ಜುಲೈ 31 ಕಡೆಯ ದಿನ. ಹೆಸರು ನಿವೃತ್ತ ಪೌರಕಾರ್ಮಿಕ ಮಹಿಳೆಯೊಬ್ಬರದು. ಗುತ್ತಿಗೆದಾರ ತಿಂಗಳುಗಟ್ಟಲೆ ಸಂಬಳ ಕೊಡದೆ, ಕಾರ್ಮಿಕರಿಂದ ಮುರಿದುಕೊಂಡ ಪಿ.ಎಫ್. ಹಣವನ್ನೂ ಕಟ್ಟದೆ ಕೈಯೆತ್ತಿದಾಗ, ಈಕೆ ಮೂವತ್ತು ಹೆಂಗಸರನ್ನು ಕರೆದುಕೊಂಡು ಕಚೇರಿ ಗೇಟಿನ ಮುಂದೆ ಪೊರಕೆ ಕೆಳಗಿಟ್ಟು ಕೂತವರು. ಓದು ಬರದು. ಆದರೆ ಯಾರಿಗೆ ಎಷ್ಟು ಬಾಕಿ ಅನ್ನುವುದು ಬಾಯಲ್ಲೇ ಇತ್ತು.

ಅರ್ಜಿಯಲ್ಲಿ ‘ಕ್ಷೇತ್ರ’ ಎಂಬ ಕಾಲಂ ಬಂತು. ಅಂಗಡಿಯ ಹುಡುಗ ಮೌಸ್ ಹಿಡಿದು, “ಯಾವುದನ್ನ ಒತ್ಲಿ ಸಾರ್?” ಎಂದ. ಪದ್ಮಕ್ಕೆ ಹತ್ತು ಕ್ಷೇತ್ರಗಳಿವೆ: ಕಲೆ, ಸಮಾಜ ಸೇವೆ, ಸಾರ್ವಜನಿಕ ವ್ಯವಹಾರ, ವಿಜ್ಞಾನ ಮತ್ತು ಎಂಜಿನಿಯರಿಂಗ್, ವ್ಯಾಪಾರ ಮತ್ತು ಕೈಗಾರಿಕೆ, ವೈದ್ಯಕೀಯ, ಸಾಹಿತ್ಯ ಮತ್ತು ಶಿಕ್ಷಣ, ನಾಗರಿಕ ಸೇವೆ, ಕ್ರೀಡೆ. ಹತ್ತನೆಯದು ‘ಇತರೆ’. ಈ ‘ಇತರೆ’ ಅಂದರೆ ಏನು ಎಂಬುದಕ್ಕೆ ಸರ್ಕಾರವೇ ವಿವರಣೆ ಕೊಟ್ಟಿದೆ. ಮೇಲಿನ ಯಾವುದಕ್ಕೂ ಸೇರದವು ಇದರಲ್ಲಿ ಬರುತ್ತವೆ. ಭಾರತೀಯ ಸಂಸ್ಕೃತಿಯ ಪ್ರಸಾರ, ಮಾನವ ಹಕ್ಕುಗಳ ರಕ್ಷಣೆ, ವನ್ಯಜೀವಿ ಸಂರಕ್ಷಣೆ ಮುಂತಾದವು.

‘ಇತರೆ’ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ‘ಸಮಾಜ ಸೇವೆ’ ಒತ್ತು ಎಂದೆ. ಆಧಾರ್ ಕಾರ್ಡಿನಲ್ಲಿ ಹೆಸರು ಹೇಗಿದೆ ಎಂದು ಕೇಳಲು ಆಕೆಗೆ ಫೋನ್ ಮಾಡಿದೆ. ಹೆಸರು ಹೇಳಿ, “ಯಾವ ಕೆಲಸಕ್ಕೆ ಅಂತ ಬರೆದ್ರಿ ಸಾರ್?” ಎಂದು ಕೇಳಿದರು. ಸಮಾಜ ಸೇವೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇವೆ ಯಾರು ಮಾಡಿದ್ರು ಸಾರ್? ನಮ್ಮ ಸಂಬಳ ನಾವು ಕೇಳಿದ್ವಿ ಅಷ್ಟೇ” ಎಂದರು.

ಅವರು ಸರಿಯಾಗಿಯೇ ಹೇಳಿದರು. ಸೇವೆ ಬೇರೆ, ಹಕ್ಕು ಬೇರೆ. ಸೇವೆಗೆ ಎದುರಾಳಿ ಇರುವುದಿಲ್ಲ. ಹಸಿದವನಿಗೆ ಅನ್ನ ಹಾಕುವವರನ್ನು ಯಾರೂ ಬೇಡ ಎನ್ನುವುದಿಲ್ಲ. ಊರೆಲ್ಲ ಕೈ ಮುಗಿಯುತ್ತದೆ. ಆದರೆ ಪಡಿತರ ಅಂಗಡಿಯಲ್ಲಿ ತೂಕ ಹೊಡೆಯುತ್ತಾರೆಂದು ತಹಶೀಲ್ದಾರರಿಗೆ ದೂರು ಕೊಟ್ಟ ಹೆಂಗಸು ಮಾರನೆಯ ದಿನದಿಂದ ಊರಿಗೇ ಬೇಡವಾಗುತ್ತಾಳೆ. ಇಬ್ಬರೂ ಹಸಿವಿನ ವಿಷಯಕ್ಕೇ ದುಡಿದವರು. ಹಕ್ಕು ಕೇಳುವಾಗ ಎದುರಿಗೆ ಒಬ್ಬ ಇರಲೇಬೇಕು, ಬಹಳ ಸಲ ಆ ಎದುರಿನವನು ಸರ್ಕಾರವೇ ಆಗಿರುತ್ತದೆ. ಪ್ರಶಸ್ತಿ ಕೊಡುವುದೂ ಅದೇ ಸರ್ಕಾರ. ಮಾನವ ಹಕ್ಕಿಗೆ ಈ ದೇಶದ ಗೌರವಗಳ ಪಟ್ಟಿಯಲ್ಲಿ ಒಂದು ಸ್ವಂತ ಸಾಲು ಸಿಗದೆ ಹೋದದ್ದಕ್ಕೆ ಕಾರಣ ಇಲ್ಲಿದೆ ಎಂದು ನನಗನಿಸುತ್ತದೆ.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರನ್ನೇ ನೋಡಿ. ಅವರ ತಂದೆ ಅಲ್ಲಿನ ಟೌನ್‌ಶಿಪ್‌ನಲ್ಲಿ ಸಫಾಯಿ ಕೆಲಸಕ್ಕೆ ಸೇರಿದವರು, ಅಣ್ಣನೂ ಅದೇ ಕೆಲಸಕ್ಕೆ ಹೋದವರು. ಭೂಮಿಯೊಳಗಿನಿಂದ ಚಿನ್ನ ಎತ್ತುತ್ತಿದ್ದ ಊರಿನಲ್ಲಿ ಗಣಿ ಕಾರ್ಮಿಕರ ಸಾಲುಮನೆಗಳಿಗೆ ಇದ್ದದ್ದು ಒಣ ಕಕ್ಕಸು. ಅದನ್ನು ಬಕೆಟ್ಟಿಗೆ ಬಳಿದು ಹೊರುತ್ತಿದ್ದವರು ಒಂದೇ ಜಾತಿಯ ಜನ. ಓದು ಮುಗಿಸಿ ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ, ತನ್ನನ್ನು ಏನೂ ಕೇಳದೆಯೇ ಅರ್ಜಿಯ ಕಾಲಂನಲ್ಲಿ ಸಫಾಯಿ ಕೆಲಸ ಎಂದು ಬರೆದುಬಿಟ್ಟರು ಎಂಬುದನ್ನು ವಿಲ್ಸನ್ ಹೇಳಿಕೊಂಡಿದ್ದಾರೆ. ಆ ಹುಡುಗ ಯಾರ ಮಗ ಎಂಬುದು ಗೊತ್ತಿದ್ದರೆ ಸಾಕಿತ್ತು, ಕಾಲಂ ತಾನಾಗಿ ತುಂಬಿಕೊಳ್ಳುತ್ತಿತ್ತು.

ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಎಪ್ಪತ್ತರ ದಶಕದಲ್ಲೇ ಆಜ್ಞೆ ಹೊರಡಿಸಿದ್ದರು. ಆ ಮಂತ್ರಿಗೆ ಈ ನಾಡು ಕೊಟ್ಟ ಬಹುಮಾನ 1973ರ ಬೂಸಾ ಗಲಾಟೆ: ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದಕ್ಕೆ ಎದ್ದ ಆ ಗಲಾಟೆಯಲ್ಲಿ ಅವರು ಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. ಅವರ ಆಜ್ಞೆಯಾಗಿ ಎಷ್ಟೋ ವರ್ಷಗಳ ಮೇಲೂ, 1993ರಲ್ಲಿ ಸಂಸತ್ತು ಕಾನೂನು ಮಾಡಿದ ಮೇಲೂ, ಕೇಂದ್ರ ಸರ್ಕಾರದ್ದೇ ಆದ ಗಣಿ ಕಂಪನಿಯ ಟೌನ್‌ಶಿಪ್‌ನಲ್ಲಿ ಒಣ ಕಕ್ಕಸುಗಳು ಉಳಿದಿದ್ದವು. ವಿಲ್ಸನ್ ಪತ್ರ ಬರೆದರು. ಫೋಟೋ ತೆಗೆದು ಕಳಿಸಿದರು. ವಿಷಯ ಪತ್ರಿಕೆಗೆ ಬಂತು, ಸಂಸತ್ತಿಗೂ ಹೋಯಿತು. ಆಮೇಲೆಯೇ ಆಡಳಿತ ಮಂಡಳಿ ಆ ಕಕ್ಕಸುಗಳನ್ನು ನೀರಿನ ಕಕ್ಕಸುಗಳಾಗಿ ಬದಲಾಯಿಸಿ, ಕಾರ್ಮಿಕರನ್ನು ಬೇರೆ ಕೆಲಸಕ್ಕೆ ಹಾಕಿತು. ಮುಂದೆ ಅವರು ಸಂಗಾತಿಗಳೊಡನೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ದೇಶಕ್ಕೆಲ್ಲ ಹಬ್ಬಿತು. 2003ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋದಾಗ ನಮ್ಮಲ್ಲಿ ಈ ಪದ್ಧತಿಯೇ ಇಲ್ಲ ಎಂದು ಒಂದರ ಹಿಂದೆ ಒಂದು ರಾಜ್ಯ ಪ್ರಮಾಣಪತ್ರ ಸಲ್ಲಿಸಿತು. ತೀರ್ಪು ಬಂದದ್ದು 2014ರ ಮಾರ್ಚ್ 27ರಂದು: 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಈ ಕೆಲಸವನ್ನು ಯಾರಾದರೂ ಸಮಾಜ ಸೇವೆ ಎಂದು ಕರೆಯಲಾದೀತೇ? ವಿಲ್ಸನ್ ಯಾರಿಗೂ ಅನ್ನ ಹಾಕಲಿಲ್ಲ, ಬಟ್ಟೆ ಹಂಚಲಿಲ್ಲ. ಸರ್ಕಾರಗಳು ಸುಳ್ಳು ಹೇಳುತ್ತಿವೆ ಎಂದು ಸಾಬೀತು ಮಾಡಿದರು. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಮನಿಲಾದಿಂದ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರನ್ನು, ದಲಿತ ಮಹಿಳೆಯರನ್ನು ಸಂಘಟಿಸಿದ ರೂತ್ ಮನೋರಮಾ ಅವರಿಗೆ 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಸ್ವೀಡನ್ನಿನಿಂದ. ತಮಿಳುನಾಡಿನ ದಲಿತ ಹಕ್ಕುಗಳ ಹೋರಾಟಗಾರ ಮಾರಿಮುತ್ತು ಭರತನ್ ಅವರನ್ನು 2012ರಲ್ಲಿ ಗೌರವಿಸಿದ್ದು ನೆದರ್ಲೆಂಡ್ಸ್ ಸರ್ಕಾರ, ತನ್ನ ಮಾನವ ಹಕ್ಕುಗಳ ಟ್ಯುಲಿಪ್ ಪ್ರಶಸ್ತಿಯಿಂದ. ನಮ್ಮ ಮನೆಯ ಮಕ್ಕಳ ಬೆನ್ನು ತಟ್ಟುವ ಕೈಗಳು ಇಷ್ಟು ದೂರದಿಂದ ಚಾಚಿ ಬರಬೇಕೇ?

ಪದ್ಮ ಪಟ್ಟಿಯಲ್ಲಿ ಹಕ್ಕಿನ ಕೆಲಸ ಮಾಡಿದವರೇ ಇಲ್ಲ ಎಂದಲ್ಲ. ತಂಜಾವೂರು ಸೀಮೆಯಲ್ಲಿ ಭೂಮಾಲೀಕರ ನೆಲವನ್ನು ದಲಿತ ಹೆಂಗಸರ ಹೆಸರಿಗೆ ಮಾಡಿಸಿದ ಕೃಷ್ಣಮ್ಮಾಳ್ ಜಗನ್ನಾಥನ್ ಅವರಿಗೆ 1989ರಲ್ಲಿ ಪದ್ಮಶ್ರೀ, 2020ರಲ್ಲಿ ಪದ್ಮಭೂಷಣ ಸಿಕ್ಕಿದೆ. 2024ರಲ್ಲಿ ನಮ್ಮವರೇ ಇಬ್ಬರಿಗೆ ಪದ್ಮಶ್ರೀ ಬಂತು. ಒಬ್ಬರು ಕೆ.ಎಸ್. ರಾಜಣ್ಣ. ಬಾಲ್ಯದಲ್ಲಿ ಪೋಲಿಯೋದಿಂದ ಕೈಕಾಲು ಕಳೆದುಕೊಂಡವರು, ಮುಂದೆ ರಾಜ್ಯದ ಅಂಗವಿಕಲರ ಆಯುಕ್ತರಾದವರು. ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅವರು ತಮ್ಮದೇ ನಡಿಗೆಯಲ್ಲಿ ಮುಂದೆ ಹೋದದ್ದನ್ನು ಟಿ.ವಿ.ಯಲ್ಲಿ ನೋಡಿ ನನ್ನ ಕಣ್ಣು ತುಂಬಿತ್ತು. ಇನ್ನೊಬ್ಬರು ನಾಲ್ಕು ದಶಕ ಜೇನುಕುರುಬರಿಗಾಗಿ ದುಡಿದ ಮೈಸೂರು ಜಿಲ್ಲೆಯ ಸೋಮಣ್ಣ. ಇಬ್ಬರ ಹೆಸರಿನ ಮುಂದೆಯೂ ಬರೆದದ್ದು ‘ಸಮಾಜ ಸೇವೆ’.

ಪದ ಯಾವುದಾದರೇನು, ಗೌರವ ಸಿಕ್ಕಿತಲ್ಲ ಎನ್ನಬಹುದು. ಅಲ್ಲ, ಪದದಲ್ಲಿ ವ್ಯತ್ಯಾಸವಿದೆ. ರಾಜಣ್ಣ ಅವರ ಕೆಲಸವನ್ನು ಹಕ್ಕು ಎಂದು ಬರೆದರೆ, ಇಳಿಜಾರು ಕಟ್ಟದ ಪ್ರತಿ ಸರ್ಕಾರಿ ಕಚೇರಿಯೂ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲುತ್ತದೆ. ಸೇವೆ ಎಂದು ಬರೆದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಸೋಮಣ್ಣ ಅವರಿಗೆ ಪದ್ಮ ಬಂದ ಮರುವರ್ಷವೇ, 2025ರ ಮೇ ತಿಂಗಳಲ್ಲಿ, ನಾಗರಹೊಳೆಯ ಕರಡಿಕಲ್ಲು ಹಾಡಿಗೆ ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಹಾಕಿದವು. ತಾವು ಹುಟ್ಟಿ ಬೆಳೆದ, ಹಿರಿಯರನ್ನು ಮಣ್ಣು ಮಾಡಿದ ಜಾಗ ಅದು, 2006ರ ಅರಣ್ಯ ಹಕ್ಕು ಕಾಯ್ದೆ ತಮಗೆ ಆ ಹಕ್ಕು ಕೊಟ್ಟಿದೆ ಎನ್ನುವುದು ಅವರ ಮಾತು. ಎದುರಿಗೆ ಬಂದು ನಿಂತದ್ದು ಅರಣ್ಯ ಇಲಾಖೆ. ಜೇನುಕುರುಬರ ಏಳಿಗೆಗೆ ದುಡಿದವರಿಗೆ ದೆಹಲಿಯಲ್ಲಿ ಪದಕ, ಜೇನುಕುರುಬರಿಗೆ ಕಾಡಂಚಿನಲ್ಲಿ ತಡೆ. ಸೇವೆ ಮತ್ತು ಹಕ್ಕಿನ ನಡುವಿನ ಅಂತರ ಇಷ್ಟು ಹತ್ತಿರದಿಂದ ಇನ್ನೆಲ್ಲೂ ಕಾಣುವುದಿಲ್ಲ.

ಹೊರದೇಶಗಳಲ್ಲಿ ಮಾನವ ಹಕ್ಕುಗಳಿಗೆಂದೇ ರಾಷ್ಟ್ರೀಯ ಪ್ರಶಸ್ತಿಗಳಿವೆ. ಫ್ರಾನ್ಸ್ 1988ರಿಂದ ಗಣರಾಜ್ಯದ ಹೆಸರಿನಲ್ಲೇ ಒಂದು ಪ್ರಶಸ್ತಿ ಕೊಡುತ್ತಿದೆ, ಅದು ಬೇರೆ ದೇಶದವರಿಗೂ ಸಿಗುತ್ತದೆ. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗ 1987ರಲ್ಲಿ ಶುರು ಮಾಡಿದ ಪ್ರಶಸ್ತಿಗಳು ಆ ದೇಶದವರಿಗೇ ಮೀಸಲು, ಅಂದರೆ ತನ್ನ ಮನೆಯೊಳಗಿನ ಅನ್ಯಾಯವನ್ನು ಎತ್ತಿ ತೋರಿಸಿದವರಿಗೆ. ನನಗೆ ಹಿಡಿಸುವುದು ಈ ಎರಡನೆಯ ಬಗೆ. ಪರದೇಶದ ಬಂಡಾಯಗಾರನಿಗೆ ಹಾರ ಹಾಕುವುದು ಯಾವ ಸರ್ಕಾರಕ್ಕೂ ಕಷ್ಟವಲ್ಲ, ತನ್ನನ್ನು ಕೋರ್ಟಿಗೆ ಎಳೆದವರಿಗೆ ಹಾರ ಹಾಕುವುದು ಕಷ್ಟ. ಆ ಕಷ್ಟವನ್ನು ಪಡುವ ಸರ್ಕಾರದ ಪ್ರಶಸ್ತಿಗೇ ಬೆಲೆ.

ನಮ್ಮಲ್ಲೂ 1993ರ ಅಕ್ಟೋಬರ್ 12ರಿಂದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವಿದೆ. ಪ್ರತಿ ಡಿಸೆಂಬರ್ 10ಕ್ಕೆ ಸಮಾರಂಭ ನಡೆಯುತ್ತದೆ. ಕಿರುಚಿತ್ರ ಸ್ಪರ್ಧೆಗೆ ಬಹುಮಾನವಿದೆ. ಹಕ್ಕಿಗಾಗಿ ಬದುಕು ಸವೆಸಿದವರನ್ನು ಹುಡುಕಿ ಕೂರಿಸುವ ವೇದಿಕೆಯೂ ಅದೇ ಆಗಬೇಕಿತ್ತು. ಆದರೆ ಆಯೋಗದ ಸ್ವಾಯತ್ತತೆಯ ಬಗ್ಗೆಯೇ ಪ್ರಶ್ನೆಯೆತ್ತಿ ಮಾನವ ಹಕ್ಕು ಸಂಸ್ಥೆಗಳ ಜಾಗತಿಕ ಒಕ್ಕೂಟವು 2023 ಮತ್ತು 2024ರಲ್ಲಿ ಸತತವಾಗಿ ಅದರ ಮಾನ್ಯತೆಯ ತೀರ್ಮಾನವನ್ನು ಮುಂದೂಡಿತು. ಹೀಗಾಗಿ ಯಾವುದೇ ಹೊಸ ಪ್ರಶಸ್ತಿ ಬಂದರೂ ಆಯ್ಕೆ ಸಮಿತಿ ಸರ್ಕಾರದ ಕೈಯಳತೆಯಿಂದ ಹೊರಗಿರಬೇಕು. ಪದ್ಮ ಸಮಿತಿಗೆ ಸಂಪುಟ ಕಾರ್ಯದರ್ಶಿಯೇ ಅಧ್ಯಕ್ಷರು. ಕ್ರೀಡೆಗೆ, ಕಲೆಗೆ ಅದು ನಡೆದೀತು. ಸರ್ಕಾರದ ವಿರುದ್ಧ ಸೆಣಸಿದವರನ್ನು ಸರ್ಕಾರದ ಅತಿ ಹಿರಿಯ ಅಧಿಕಾರಿಯೇ ಆಯುವುದು ನ್ಯಾಯವಲ್ಲ.

ರಾಷ್ಟ್ರ ಪ್ರಶಸ್ತಿಗೂ ಮಾನವ ಹಕ್ಕಿಗೂ ಕನ್ನಡದ ನೆಲದಲ್ಲಿ ಒಂದು ಹಳೆಯ ನಂಟಿದೆ. ಅದು ಪಡೆದುಕೊಂಡಾಗ ಮೂಡಿದ ನಂಟಲ್ಲ, ಮರಳಿಸಿದಾಗ ಮೂಡಿದ್ದು. ತುರ್ತು ಪರಿಸ್ಥಿತಿ ಹೇರಿದಾಗ ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಬಾಯಿ ಬಿಟ್ಟರೆ ಜೈಲು ಎನ್ನುವ ದಿನಗಳು ಅವು. ಧಾರವಾಡದ ಮನೆಬಾಗಿಲಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಕ್ಕಿ ಕೊಂದ 2015ರಲ್ಲಿ ದೇವನೂರ ಮಹಾದೇವ ಅವರು ಪದ್ಮಶ್ರೀಯನ್ನೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಮರಳಿಸಿದರು. ಇಬ್ಬರಿಗೂ ಆ ಪದಕ ಸಿಕ್ಕಿದ್ದು ಬರಹಕ್ಕೆ. ಅದನ್ನು ಮಾನವ ಹಕ್ಕಿನ ಪದಕವಾಗಿ ಮಾಡಿದ್ದು ಅವರ ನಿರಾಕರಣೆ.

ಇನ್ನು ನಮ್ಮ ರಾಜ್ಯದ ಮಾತು. ರಾಜ್ಯೋತ್ಸವ ಪ್ರಶಸ್ತಿ ಪಟ್ಟಿಯಲ್ಲಿ ದೆಹಲಿಯ ‘ಇತರೆ’ಗೆ ಸಮನಾಗಿ ‘ಸಂಕೀರ್ಣ’ ಎಂಬ ವಿಭಾಗವಿದೆ. ಪ್ರಶಸ್ತಿಯ ಜೊತೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನ. ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಮಂದಿಗೆ ಕೊಡುವ ವಾಡಿಕೆ ಇರುವುದರಿಂದ ಪಟ್ಟಿ ವರ್ಷಕ್ಕೊಂದು ಹೆಸರಿನಂತೆ ಬೆಳೆಯುತ್ತಲೂ ಇದೆ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಊರೂರಲ್ಲಿ ಶಾಲು ಹೊದಿಸುತ್ತೇವೆ, ಊಟ ಹಾಕುತ್ತೇವೆ. ನವೆಂಬರ್ 1ರ ಪಟ್ಟಿಯಲ್ಲಿ ‘ಮಾನವ ಹಕ್ಕು’ ಎಂಬ ಸ್ವಂತ ಸಾಲಿನಡಿ ಅವರಲ್ಲೊಬ್ಬರ ಹೆಸರು ಬರಲು ಯಾವ ಕಾನೂನಿನ ಅಡ್ಡಿಯೂ ಇಲ್ಲ, ದೆಹಲಿಯ ಅಪ್ಪಣೆಯೂ ಬೇಕಿಲ್ಲ. ಕರ್ನಾಟಕ ಇದನ್ನು ಈ ವರ್ಷವೇ ಮಾಡಬಹುದು. ಮಾಡಬೇಕು.

ಅಂದು ಸೈಬರ್ ಅಂಗಡಿಯಲ್ಲಿ ಹುಡುಗನಿಗೆ ಹೇಳಿ ‘ಸಮಾಜ ಸೇವೆ’ಯನ್ನು ತೆಗೆಸಿದೆ. ‘ಇತರೆ’ ಒತ್ತಿಸಿದೆ, ಯಾಕೆಂದರೆ ಸದ್ಯಕ್ಕೆ ಮಾನವ ಹಕ್ಕು ಇರುವುದು ಅಲ್ಲಿಯೇ. ಸಾಧನೆಯ ವಿವರಕ್ಕೆ 800 ಪದಗಳ ಮಿತಿ ಇತ್ತು. ಕೇಳಿದ್ದು ಯಾವ ಸಂಬಳ, ಎಷ್ಟು ತಿಂಗಳದು, ಪೊರಕೆ ಕೆಳಗಿಟ್ಟು ಕೂತದ್ದು ಎಷ್ಟು ದಿನ ಎಂಬುದನ್ನೆಲ್ಲ ಇದ್ದದ್ದು ಇದ್ದಂತೆ ಬರೆದೆ.

ಓದುಗರಲ್ಲಿ ಒಂದು ವಿನಂತಿ. ಪದ್ಮಕ್ಕೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು. ಶಿಫಾರಸು ಪತ್ರ ಬೇಡ, ಶಾಸಕರ ಮನೆ ಬಾಗಿಲು ಕಾಯುವುದೂ ಬೇಡ. ನಿಮ್ಮೂರಿನಲ್ಲಿ ಕೂಲಿಗಾಗಿ, ನೆಲಕ್ಕಾಗಿ, ಮಸಣದ ಜಾಗಕ್ಕಾಗಿ, ದೇವಸ್ಥಾನದ ಬಾಗಿಲಿಗಾಗಿ ನಿಂತು ಬೈಸಿಕೊಂಡವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮುಂದಿನ ಸಲ ಅರ್ಜಿ ಕರೆದಾಗ ಅವರ ಹೆಸರು ಬರೆದು ಕಳಿಸಿ.