ಗುಡಿಸಿದರೆ ಮುಖ ಕಾಣುತ್ತದೆ!



"ಕನ್ನಡದಲ್ಲಿ ಅದೆಲ್ಲ ಆಗೂದಿಲ್ಲ ಬಿಡಿ" ಎಂದು ನನಗೆ ಹೇಳಿದವರು ಇಂಗ್ಲೆಂಡಿನಿಂದ ಬಂದವರಲ್ಲ, ದಿಲ್ಲಿಯಿಂದಲೂ ಬಂದವರಲ್ಲ. ನಮ್ಮದೇ ಜಿಲ್ಲೆಯವರು. ಕನ್ನಡ ಶಾಲೆಯಲ್ಲಿ ಕಲಿತು, ಈಗ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ಪಾಠ ಹೇಳುವ ಮಾಸ್ತರು. ಶಾಲೆಯ ಸ್ಮರಣ ಸಂಚಿಕೆಯನ್ನು ಕಾಯ್ಕಿಣಿಯ ನನ್ನ ಪ್ರೆಸ್ಸಿಗೆ ಅಚ್ಚಿಗೆ ತಂದಿದ್ದರು. ಕಡೆಯ ಎರಡು ಪುಟ ಪದಬಂಧಕ್ಕೆ ಮೀಸಲು. ಇಂಗ್ಲಿಷ್ ಪುಟದಲ್ಲಿದ್ದದ್ದು 'ಕ್ರಿಪ್ಟಿಕ್' ಎಂಬ ಜಾತಿಯದು. ಸುಳಿವು ಒಂದು ಹೇಳುತ್ತದೆ, ಉತ್ತರ ಇನ್ನೆಲ್ಲೋ ಅಡಗಿರುತ್ತದೆ, ತಲೆ ಕೆರೆದುಕೊಂಡು ಹುಡುಕಬೇಕು. ಕನ್ನಡ ಪುಟದಲ್ಲಿ ಇದ್ದದ್ದೇನು? 'ಸೂರ್ಯನ ಇನ್ನೊಂದು ಹೆಸರು (2)', 'ಹಸುವಿನ ಮರಿ (2)'. ಇಂಗ್ಲಿಷಿಗೆ ಬುದ್ಧಿ, ಕನ್ನಡಕ್ಕೆ ಅಂಗನವಾಡಿ! ಇದು ಯಾವ ನ್ಯಾಯ ಸ್ವಾಮಿ? ಕೇಳಿದ್ದಕ್ಕೆ ಬಂದ ಉತ್ತರವೇ ಮೇಲಿನದು.

ನಾನು ಪಿಯುಸಿ ಓದಿದವನು, ಪಂಡಿತನಲ್ಲ. ಆದರೆ ಅಪ್ಪನ ಕಾಲದ ಟ್ರೆಡಲ್ ಮಷೀನಿನ ಪಕ್ಕ ನಿಂತು ಅಚ್ಚುಮೊಳೆ ಜೋಡಿಸಲು ಕಲಿತವನು. ಮೊಳೆ ಜೋಡಿಸುವವನಿಗೆ ಅಕ್ಷರ ತಿರುಗುಮುರುಗಾಗಿಯೇ ಕಾಣುತ್ತದೆ. ಪದವನ್ನು ಒಡೆದು, ತಿರುಗಿಸಿ, ಕೊಂಬು ಹಚ್ಚಿ, ಒತ್ತು ಕೊಟ್ಟು ಕೂಡಿಸುವುದೇ ಅವನ ಕಸುಬು. ಗೂಢ ಪದಬಂಧ ಎಂದರೂ ಅದೇ ಅಲ್ಲವೇ? ಆ ರಾತ್ರಿ ಕೂತು ಕೆಲವು ಸುಳಿವು ಬರೆದೆ. ಮರುದಿನದಿಂದ ವಾರಕ್ಕೊಂದರಂತೆ ಪ್ರೆಸ್ಸಿನ ಬಾಗಿಲಿಗೆ ಅಂಟಿಸಿದೆ. ಮದುವೆ ಕಾಗದದ ಪ್ರೂಫಿಗೆ ಕಾದು ಕೂತವರು ಓದಲಿ ಎಂದು.

ಮೊದಲು ಆಟದ ನಿಯಮ ಹೇಳಿಬಿಡುತ್ತೇನೆ. ಪ್ರತಿ ಸುಳಿವಿನಲ್ಲಿ ಎರಡು ಭಾಗ. ಒಂದು ಉತ್ತರದ ನೇರ ಅರ್ಥ, ಇನ್ನೊಂದು ಆ ಪದವನ್ನು ಕಟ್ಟುವ ಕೀಲಿ. ಎರಡನ್ನೂ ಸೇರಿಸಿ ಒಂದೇ ವಾಕ್ಯದಂತೆ ಬರೆದಿರುತ್ತಾರೆ. ಆವರಣದ ಅಂಕೆ ಎಷ್ಟು ಮನೆ ಎಂಬುದು. ಓದುಗ ಆ ವಾಕ್ಯವನ್ನು ನಂಬಬಾರದು, ಅದರ ಒಂದೊಂದು ಪದವನ್ನೂ ಅನುಮಾನಿಸಬೇಕು.

'ವೃಕ್ಷಕ್ಕೆ ಮೊದಲು ಕರ ಇಟ್ಟರೆ ದಾರಿ ಗೊತ್ತಾಗುತ್ತದೆ (3).' ಓದಿದವರೆಲ್ಲ ಅರಣ್ಯ ಇಲಾಖೆ, ತೆರಿಗೆ ಎಂದು ಹೊರಟರು. ಕರ ಎಂದರೆ ಕೈಯೂ ಹೌದಲ್ಲ! ಕೈ, ಅದರ ಮುಂದೆ ಮರ. ಕೈಮರ. ರಸ್ತೆ ಕೂಡುವಲ್ಲಿ ನಿಂತು ದಾರಿ ತೋರಿಸುವುದು ಅದೇ.

'ಹಿಂದೆ ತಿರುಗಿದ ದಿನ ಹೊನ್ನಾವರದಲ್ಲಿ ಕಡಲು ಸೇರುತ್ತದೆ (2).' ದಿನ ಎಂಬುದನ್ನು ಹಿಂದುಮುಂದು ಮಾಡಿ. ನದಿ. ಹೊನ್ನಾವರದಲ್ಲಿ ಕಡಲು ಸೇರುವವಳು ನಮ್ಮ ಶರಾವತಿ. ಇದೇ ದಿನ ಪದವನ್ನು ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ ಬರೆದು ತಿರುಗಿಸಿ ನೋಡಿ, 'ಅನಿದ್' ಎಂಬ ಅರ್ಥವಿಲ್ಲದ ಸದ್ದು ಬರುತ್ತದೆ. ವ್ಯಂಜನವನ್ನೂ ಸ್ವರವನ್ನೂ ಒಂದೇ ಮನೆಯಲ್ಲಿ ಕೂರಿಸುವ ನಮ್ಮ ಲಿಪಿಯಲ್ಲಿ ಮಾತ್ರ ದಿನ ತಿರುಗಿ ನದಿಯಾಗುತ್ತದೆ.

'ಹಳೆಯ ಮನೆಯೊಳಗೆ ಅಡಗಿದ್ದಾನೆ ಪ್ರಾಣ ಒಯ್ಯುವವನು (2).' ಇದನ್ನು ಓದಿ ಒಬ್ಬರು ಕಳ್ಳನೋ ಎಂದರು, ಇನ್ನೊಬ್ಬರು ಹಾವೋ ಎಂದರು. 'ಹಳೆಯ ಮನೆ' ಎಂಬ ಎರಡು ಪದಗಳ ನಡುವಿನ ಜಾಗವನ್ನು ಮರೆತು ಓದಿ. ಯಮ ಅಲ್ಲೇ ಕೂತಿದ್ದಾನೆ.

'ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗಿನ ಮುಖ್ಯಮಂತ್ರಿಯನ್ನು ಹುಡುಕು (3).' ಹುಡುಕು ಎಂದರೆ ಅರಸು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಇದ್ದವರೂ ದೇವರಾಜ ಅರಸು.

ಇಷ್ಟನ್ನು ಇಂಗ್ಲಿಷಿನವರೂ ಅವರ ಭಾಷೆಯಲ್ಲಿ ಮಾಡಿಯಾರು, ಒಪ್ಪೋಣ. ಮುಂದಿನದನ್ನು ನೋಡಿ.

'ಶಿರದೊಡನೆ ಕಣ್ಣಗೊಂಬೆ ಸೇರಿದರೆ ಭಟ್ಕಳದ ಹತ್ತಿರದ ಊರು (3).' ಕಣ್ಣಗೊಂಬೆ ಎಂದರೆ ಆಲಿ. ಕಣ್ಣಾಲಿ ಎನ್ನುತ್ತೇವಲ್ಲ, ಅದು. ಶಿರ, ಆಲಿ ಎರಡನ್ನೂ ಸುಮ್ಮನೆ ಪಕ್ಕ ಪಕ್ಕ ಇಟ್ಟರೆ ಊರು ಬರುವುದಿಲ್ಲ. ಸವರ್ಣದೀರ್ಘ ಸಂಧಿ ಮಾಡಬೇಕು. ಆಗ ಶಿರಾಲಿ. ಊರಿಗೆ ಆ ಹೆಸರು ಹಾಗೆ ಬಂತು ಎಂದು ನಾನು ಹೇಳುತ್ತಿಲ್ಲ, ಇದು ಆಟ. ಆದರೆ ಸಂಧಿಯನ್ನೇ ಕೀಲಿಯಾಗಿಸಿ ಪದಬಂಧ ಕಟ್ಟುವ ಸೌಕರ್ಯ ಇಂಗ್ಲಿಷಿಗೆ ಇದೆಯೇ? ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆ ಎಂದು ಉರು ಹೊಡೆದು ಮರೆತ ಸಂಧಿ ಇಲ್ಲಿ ಜೀವ ತಳೆದು ಕೂತಿದೆ.

'ಆನೆಯ ಮೊದಲಿಗೇ ಕೊಂಬು ಮೂಡಿತು, ಮಂದೆಯಲ್ಲಿ ಮೇಯಲು ಹೋಯಿತು (2).' ಆನೆ ಎಂದರೆ ಕರಿ. ಅದರ ಮೊದಲ ಅಕ್ಷರಕ್ಕೆ ಕೊಂಬು ಕೊಡಿ. ಕುರಿ!

ಮತ್ತು ನನಗೆ ಎಲ್ಲಕ್ಕಿಂತ ಪ್ರೀತಿಯದು, 'ನಮ್ಮ ನುಡಿಯ ಕೊನೆಯಲ್ಲಿ ಗುಡಿಸಿದರೆ ಮುಖ ಕಾಣುತ್ತದೆ (3).'

ಇದನ್ನು ಬಾಗಿಲಿಗೆ ಅಂಟಿಸಿದ ದಿನ ಪ್ರೆಸ್ಸಿನಲ್ಲಿ ಇಬ್ಬರಿದ್ದರು. ಒಬ್ಬ ಹುಡುಗ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು, ಪ್ರಾಜೆಕ್ಟ್ ಪುಸ್ತಕಕ್ಕೆ ಬೈಂಡು ಹಾಕಿಸಲು ಬಂದವನು. ಇನ್ನೊಬ್ಬರು ಮೊಮ್ಮಗಳ ಮದುವೆ ಕಾಗದಕ್ಕೆ ಬಂದ ಅಜ್ಜ. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದು. ಹುಡುಗ ಪೊರಕೆ, ಕಸ, ನೆಲ ಎಂದು ಯೋಚಿಸುತ್ತ ಕೂತ. ನೆಲ ಗುಡಿಸಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ ಎಂಬ ತರ್ಕ, ತಪ್ಪೇನಿಲ್ಲ. ಅಜ್ಜ ಕನ್ನಡಕ ಏರಿಸಿ ಒಮ್ಮೆ ಓದಿದರು, ನಕ್ಕರು.

"ತಮಾ, ಇದರಲ್ಲೆಂತ ಉಂಟು? ಕನ್ನಡಕ್ಕೆ ಗುಡಿಸು ಕೊಟ್ಟರೆ ಕನ್ನಡಿ."

ಹುಡುಗ ನನ್ನ ಮುಖ ನೋಡಿದ. "ಗುಡಿಸು ಅಂದ್ರೆ ಎಂತದು ಅಜ್ಜಾ?"

ಡ ಅಕ್ಷರ ಡಿ ಆಗುವಾಗ ಮೇಲೆ ಬರುವ ಗುರುತಿಗೆ ಗುಡಿಸು ಎಂದು ಹೆಸರು ಎಂಬುದು ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ, ಸೊನ್ನೆ. ಒಂದೊಂದೂ ಒಂದು ಚಿತ್ರ, ಒಂದೊಂದಕ್ಕೂ ಇನ್ನೊಂದು ಅರ್ಥ. ಗೂಢ ಪದಬಂಧ ಕಟ್ಟಲೆಂದೇ ಯಾರೋ ಇಟ್ಟ ಹೆಸರುಗಳಂತಿವೆ! ಇಷ್ಟು ದೊಡ್ಡ ಬಂಡವಾಳವನ್ನು ನಮ್ಮ ಮಕ್ಕಳ ಕೈಗೆ ದಾಟಿಸದೆ, ಕನ್ನಡದಲ್ಲಿ ಆಗುವುದಿಲ್ಲ ಎಂದು ಷರಾ ಬರೆಯುತ್ತಿದ್ದೇವೆ. ತಪ್ಪು ಆ ಹುಡುಗನದಲ್ಲ. ಕಾಗುಣಿತವನ್ನು 'ಕಾ ಕಿ ಕೀ' ಎಂದು ಬಾಯಿಪಾಠಕ್ಕೆ ಇಳಿಸಿ, ಗುರುತುಗಳ ಹೆಸರನ್ನು ನುಂಗಿದ ದೊಡ್ಡವರದು. ಮಾಸ್ತರಿಗೂ ಗೊತ್ತಿರಲಿಲ್ಲ ಎಂದು ನನ್ನ ಗುಮಾನಿ.

ಕನ್ನಡದಲ್ಲಿ ಆಗುವುದಿಲ್ಲ ಎಂಬ ರಾಗ ಹೊಸದೂ ಅಲ್ಲ. ನಮ್ಮ ಭಟ್ಕಳ ತಾಲ್ಲೂಕಿನಲ್ಲೇ ಹಾಡುವಳ್ಳಿ ಇದೆ, ಹಳೆಯ ಹೆಸರು ಸಂಗೀತಪುರ. ಅಲ್ಲಿನ ಜೈನ ಮಠದ ಗುರು ಅಕಲಂಕದೇವರ ಶಿಷ್ಯ ಭಟ್ಟಾಕಲಂಕ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಬರೆದ. 592 ಸೂತ್ರಗಳ ಕನ್ನಡ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ. ಕನ್ನಡ ಶಾಸ್ತ್ರಕ್ಕೆ ಒದಗುವ ಭಾಷೆಯಲ್ಲ ಎನ್ನುವವರಿಗೆ ಅವನು ಅಲ್ಲಿ ನೇರವಾಗಿ ಉತ್ತರ ಕೊಡುತ್ತಾನೆ. ಕನ್ನಡದಲ್ಲಿ 96,000 ಗ್ರಂಥ ಪ್ರಮಾಣದ ಚೂಡಾಮಣಿ ಎಂಬ ವ್ಯಾಖ್ಯಾನವೇ ಇದೆಯಲ್ಲ ಎನ್ನುತ್ತಾನೆ. ಆ ಚೂಡಾಮಣಿ ನಮಗೆ ಸಿಗದೆ ಹೋಯಿತು, ಅದು ಬೇರೆ ಸಂಕಟ. ನಾನೂರು ವರ್ಷದ ಹಿಂದೆ ಸಂಸ್ಕೃತದ ಎದುರು ಕನ್ನಡದ ಪರ ವಾದಿಸಿದವನ ತಾಲ್ಲೂಕಿನಲ್ಲಿ ಕೂತು ನಾವು ಇಂಗ್ಲಿಷಿನ ಎದುರು ತಲೆ ತಗ್ಗಿಸುತ್ತಿದ್ದೇವೆ!

ಇಂಗ್ಲಿಷಿನವರ ಪದಬಂಧಕ್ಕೆ ಎಷ್ಟು ವಯಸ್ಸು? ಆರ್ಥರ್ ವಿನ್ ಎಂಬಾತ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಮೊದಲ ಪದಬಂಧ ಹಾಕಿದ್ದು 1913ರ ಡಿಸೆಂಬರ್ 21ರಂದು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಅದು ಬಂದದ್ದು 1930ರಲ್ಲಿ. ಒಂದನ್ನು ಹೇಳಿ ಇನ್ನೊಂದನ್ನು ಅಡಗಿಸುವ ವಿದ್ಯೆ ಅಲ್ಲಮನ ಬೆಡಗಿನ ವಚನದಲ್ಲಿದೆ, ಕನಕದಾಸರ ಮುಂಡಿಗೆಯಲ್ಲಿದೆ, ನಮ್ಮ ಅಜ್ಜಿಯರ ಒಗಟಿನಲ್ಲಿದೆ. ಚೌಕದ ಮನೆಗಳನ್ನು ಅವರಿಂದ ತಂದುಕೊಳ್ಳೋಣ, ಸಾಲ ಎಂದು ಒಪ್ಪಿಕೊಳ್ಳೋಣ. ಒಳಗೆ ತುಂಬುವ ಸರಕು ನಮ್ಮಲ್ಲಿ ಬೇಕಾದಷ್ಟಿದೆ.

ಕಷ್ಟವೇ ಇಲ್ಲ ಎಂದು ನಾನು ಬೊಗಳೆ ಬಿಡುವುದಿಲ್ಲ. ಇಂಗ್ಲಿಷಿಗೆ 26 ಅಕ್ಷರ, ಅಡ್ಡ ಪದ ಉದ್ದ ಪದ ಎಲ್ಲಾದರೂ ಕೂಡುತ್ತವೆ. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಸೇರಿದರೆ ಮನೆಗೆ ಬರುವ ಅಕ್ಷರಗಳು ನೂರಾರು. ಅಡ್ಡಕ್ಕೆ ಕಾಯ್ಕಿಣಿ ಎಂದು ಬರೆದರೆ ಕಾ, ಯ್ಕಿ, ಣಿ ಮೂರು ಮನೆ. ನಡುವಿನ 'ಯ್ಕಿ' ಇರುವ ಇನ್ನೊಂದು ಪದವನ್ನು ಉದ್ದಕ್ಕೆ ಎಲ್ಲಿಂದ ತರುತ್ತೀರಿ? ನಾನು ಒಂದು ಸಂಜೆಯೆಲ್ಲ ಕೂತು ಸೋತೆ. ಇಂಥ ಸಂಕಷ್ಟದ ನಡುವೆಯೇ ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾಯರು ಹತ್ತಾರು ಸಾವಿರ ಕನ್ನಡ ಪದಬಂಧ ಕಟ್ಟಿದ್ದಾರೆ. ಅಷ್ಟು ದುಡಿಮೆಗೆ ನಾವು ಕೊಟ್ಟ ಗೌರವ ಎಷ್ಟು? ಪುಟದಲ್ಲಿ ಜಾಹೀರಾತು ಬಂದರೆ ಮೊದಲು ಕಿತ್ತು ಹಾಕುವುದು ಪದಬಂಧವನ್ನೇ. ಅಚ್ಚಿನ ಕೆಲಸದವನಾಗಿ ಇದು ನನಗೆ ಚೆನ್ನಾಗಿ ಗೊತ್ತು, ನಾನೂ ಕಿತ್ತಿದ್ದೇನೆ.

ಇನ್ನು ಕಂಪ್ಯೂಟರು. ಪದಬಂಧ ಕಟ್ಟಿಕೊಡುವ ತಂತ್ರಾಂಶ ಒಂದನ್ನು ತಂದು ಕನ್ನಡಿ ಎಂದು ಟೈಪ್ ಮಾಡಿದೆ. ಮೂರು ಮನೆಯ ಪದ ಆರು ಮನೆಯಲ್ಲಿ ಚೆಲ್ಲಾಪಿಲ್ಲಿಯಾಯಿತು. ಕ ಒಂದು ಕಡೆ, ನ ಒಂದು ಕಡೆ, ಒತ್ತಿನ ಕೊಂಡಿ ಒಂದು ಮನೆಯಲ್ಲಿ, ಗುಡಿಸು ಕೊನೆಯ ಮನೆಯಲ್ಲಿ ಅನಾಥ. ಯುನಿಕೋಡ್ ಲೆಕ್ಕದಲ್ಲಿ ಕನ್ನಡಿಗೆ ಆರು ಸಂಕೇತ, 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೂ ಆರು. ಒಳಗಿನ ಲೆಕ್ಕ ಹಾಗಿರಲಿ, ಮನೆ ಹಂಚುವಾಗ ಅಕ್ಷರವನ್ನು ಅಕ್ಷರವಾಗಿ ಎಣಿಸಲು ಏನು ಅಡ್ಡಿ? ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ನಮಗೆ ತೊಡಿಸಿ, ತೋಳು ಸಾಲದಿದ್ದರೆ ಕೈ ಕತ್ತರಿಸಿಕೊಳ್ಳಿ ಎಂದ ಹಾಗಾಯಿತು. ಕನ್ನಡ ತಂತ್ರಾಂಶಕ್ಕೆ ಸರಕಾರದ ದುಡ್ಡು ಖರ್ಚಾಗುತ್ತದೆ. ಅದರಲ್ಲಿ ಅಕ್ಷರ ಎಣಿಸಬಲ್ಲ ಒಂದು ಪದಬಂಧದ ಸಲಕರಣೆ ಮಾಡಿ ಶಾಲೆಗಳಿಗೆ ಪುಕ್ಕಟೆ ಕೊಡಿ ಎಂದು ನಾವು ಕೇಳಬೇಕು. ಕನ್ನಡ ಪತ್ರಿಕೆಗಳ ಸಂಪಾದಕರನ್ನೂ ಕೇಳಬೇಕು. ವಾರಕ್ಕೆ ಒಂದೇ ಒಂದು ಗೂಢ ಪದಬಂಧ ಹಾಕಿ, ಮುಂದಿನ ವಾರ ಬರೀ ಉತ್ತರ ಕೊಡದೆ, ಉತ್ತರ ಹೇಗೆ ಬಂತು ಎಂಬ ವಿವರವನ್ನೂ ಕೊಡಿ. ವಿವರಣೆ ಇಲ್ಲದಿದ್ದರೆ ಹೊಸಬರು ಕಲಿಯುವುದಿಲ್ಲ, ಕಲಿಯದಿದ್ದರೆ 'ಓದುಗರಿಗೆ ಬೇಡ' ಎಂಬ ನೆಪ ನಿಮಗೆ ಸಿಗುತ್ತದೆ.

ಆ ಸ್ಮರಣ ಸಂಚಿಕೆಯ ಕಥೆ ಏನಾಯಿತು ಎಂದು ನೀವು ಕೇಳಬಹುದು. ಇಂಗ್ಲಿಷ್ ಪುಟ ಇದ್ದ ಹಾಗೆಯೇ ಅಚ್ಚಾಯಿತು. ಕನ್ನಡ ಪುಟದಲ್ಲಿ, ಮಾಸ್ತರ ಒಪ್ಪಿಗೆ ಪಡೆದೇ, 'ಹಸುವಿನ ಮರಿ' ತೆಗೆದು ಆನೆಗೆ ಕೊಂಬು ಮೂಡಿಸಿದೆ. ಗುಡಿಸುವ ಸುಳಿವನ್ನೂ ಸೇರಿಸೋಣ ಎಂದೆ. "ಅದು ಮಕ್ಕಳಿಗೆ ಕಷ್ಟ" ಎಂದರು. ಪ್ರೆಸ್ಸಿನ ಬಾಗಿಲಲ್ಲಿ ಮಾತ್ರ ಅದು ಇನ್ನೂ ಇದೆ. ಬೈಂಡು ಹಾಕಿಸಿದ ಹುಡುಗ ಮರುವಾರ ಗೆಳೆಯರಿಬ್ಬರನ್ನು ಕರೆತಂದು ಓದಿಸಿದ, ಗುಡಿಸು ಎಂದರೆ ಏನೆಂದು ತಾನೇ ವಿವರಿಸಿದ.

ಈ ವಾರದ ಸುಳಿವನ್ನು ನಿಮಗೂ ಕೊಡುತ್ತೇನೆ. 'ಮಗಳ ಬಳಿ ಸೊನ್ನೆ ಇದ್ದರೂ ಶುಭವೇ (3).' ಮದುವೆ ಕಾಗದ ಅಚ್ಚು ಹಾಕುವವನಿಗೆ ದಿನಾ ಬೇಕಾಗುವ ಪದ. ವರದಕ್ಷಿಣೆಯ ಮಾತು ಅಂದುಕೊಂಡು ಹೋದಿರೋ, ದಾರಿ ತಪ್ಪಿದಿರಿ.