ವಾರಕ್ಕೊಂದು ಪಟಕ್ಕೆ ಆನೆಯೇ ಆಗಬೇಕೆ?

ಮದ್ದೂರು ಅಂದ ಕೂಡಲೆ ಹೊರಗಿನವರ ಬಾಯಲ್ಲಿ ವಡೆಯ ನೀರೂರುತ್ತದೆ. ಅದು ಮಂಡ್ಯ ಸೀಮೆಯ ಮದ್ದೂರು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿಗೆ ವಡೆಯ ಕೀರ್ತಿ ಇಲ್ಲ. ಇಲ್ಲಿರುವುದು ಒಂದು ಚೆಕ್‌ಪೋಸ್ಟು, ಅದರಾಚೆ ಬಂಡೀಪುರದ ಕಾಡು, ಕಾಡಿನೊಳಗೆ ಆನೆ. ಸುಲ್ತಾನ್ ಬತ್ತೇರಿ ಬಸ್ಸು ಹತ್ತುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೇಟು ದಾಟಿದರೆ ಮೂಲೆಹೊಳೆಯವರೆಗೂ ಕಾಡೇ ಕಾಡು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಬಾಗಿಲು ಬಂದ್. 2009ರಲ್ಲಿ ಬಂದ ಈ ನಿಯಮಕ್ಕೆ ಈ ಕಡೆಯ ಅಂಗಡಿಯವರು, ಲಾರಿಯವರು, ಪ್ರಯಾಣಿಕರು ಗೊಣಗುತ್ತಲೇ ಒಗ್ಗಿಕೊಂಡಿದ್ದಾರೆ. ಕಾಡಿನ ಜೀವಗಳಿಗಾಗಿ ಬಡವನೂ ತನ್ನ ರಾತ್ರಿಯ ವ್ಯಾಪಾರ ಬಿಟ್ಟುಕೊಟ್ಟಿದ್ದಾನೆ.

ಹಾಗೆ ಬಿಟ್ಟುಕೊಟ್ಟವರ ಎದುರಿಗೇ ಹಗಲು ಹೊತ್ತಿನಲ್ಲಿ ಇನ್ನೊಂದು ನಾಟಕ ನಡೆಯುತ್ತಿದೆ. ಶನಿವಾರ, ಭಾನುವಾರ ಬಂತೆಂದರೆ ಸಾಕು. ಗೇಟಿನಾಚೆ ರಸ್ತೆಯ ಅಂಚಿನಲ್ಲಿ ಕಾರು ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ. ಒಬ್ಬ ಇಳಿಯುತ್ತಾನೆ, ಅವನ ಹಿಂದೆ ಇನ್ನಿಬ್ಬರು. ಲಂಟಾನ ಪೊದೆಯ ಹಿಂದೆ ಆನೆಯ ಬೆನ್ನು ಕಾಣುತ್ತಿದೆ. ಮೊಬೈಲು ಹಿಡಿದು ನಾಲ್ಕು ಹೆಜ್ಜೆ ಮುಂದೆ, ಮತ್ತೆ ನಾಲ್ಕು ಹೆಜ್ಜೆ ಮುಂದೆ. ಹಿಂದೆ ಬಂದ ಸರ್ಕಾರಿ ಬಸ್ಸು ಹಾರನ್ ಹೊಡೆಯುವಂತಿಲ್ಲ, ಮುಂದೆ ಹೋಗುವಂತಿಲ್ಲ. ಒಳಗೆ ಮಗು ಅಳುತ್ತಿದೆ, ಆಸ್ಪತ್ರೆಗೆ ಹೊರಟ ಅಜ್ಜಿ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಾಳೆ. ಏನು ಸ್ವಾಮಿ ಇದು ಎಂದರೆ, ‘ಒಂದೇ ಒಂದು ಫೋಟೋ ಸಾರ್!’

ಈ ಒಂದೇ ಒಂದು ಫೋಟೋದ ಹಿಂದೆ ಈಗ ಹೊಸದೊಂದು ಹವ್ಯಾಸವೂ ಸೇರಿಕೊಂಡಿದೆ. ಅದಕ್ಕೆ ‘ವಾರದ ಸವಾಲು’ ಎಂದು ಹೆಸರು. ತಿಳಿಯದವರಿಗೆ ಎರಡು ಮಾತು. ಛಾಯಾಚಿತ್ರದ ಹವ್ಯಾಸಿಗಳು ನಾಲ್ಕಾರು ಮಂದಿಯೋ ನಾನೂರು ಮಂದಿಯೋ ಒಂದು ಗುಂಪು ಮಾಡಿಕೊಳ್ಳುತ್ತಾರೆ. ಸೋಮವಾರ ಯಾರೋ ಒಬ್ಬರು ಒಂದು ವಿಷಯ ಕೊಡುತ್ತಾರೆ: ‘ನೆರಳು’, ‘ಹಳದಿ’, ‘ಕೈ’, ‘ಕಾಯುವುದು’, ‘ಕಾಡು’, ಹೀಗೆ. ಭಾನುವಾರ ರಾತ್ರಿಯೊಳಗೆ ಪ್ರತಿಯೊಬ್ಬರೂ ಆ ವಿಷಯಕ್ಕೆ ಒಂದೇ ಒಂದು ಪಟ ಕಳಿಸಬೇಕು. ಆ ವಾರವೇ ತೆಗೆದದ್ದಾಗಿರಬೇಕು, ಪೆಟ್ಟಿಗೆಯಲ್ಲಿದ್ದ ಹಳೆಯದು ನಡೆಯುವುದಿಲ್ಲ. ವರ್ಷಕ್ಕೆ 52 ವಾರ, 52 ಪಟ. ಬಹುಮಾನದ ದುಡ್ಡು ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕು ಜನರ ಶಹಬ್ಬಾಸೇ ಬಹುಮಾನ.

ಮಾತು ಸ್ಪಷ್ಟವಾಗಿರಲಿ, ಈ ಹವ್ಯಾಸ ಕೆಟ್ಟದ್ದಲ್ಲ. ಬಹಳ ಒಳ್ಳೆಯದು. ಬ್ಯಾಂಕಿನ ಗುಮಾಸ್ತರು, ಶಾಲೆಯ ಮೇಷ್ಟ್ರು, ಔಷಧಿ ಅಂಗಡಿಯವರು ಇಡೀ ವಾರ ಕೈಯಲ್ಲೊಂದು ವಿಷಯ ಇಟ್ಟುಕೊಂಡು ಊರನ್ನು ನೋಡುತ್ತಾರಲ್ಲ, ಅದು ಸಣ್ಣ ಸಂಗತಿಯಲ್ಲ. ಇಸ್ಪೀಟಿಗಿಂತ, ಪುಕ್ಕಟೆ ರಾಜಕೀಯಕ್ಕಿಂತ ಎಷ್ಟೋ ಮೇಲು. ತೊಂದರೆ ಹುಟ್ಟುವುದು ಶನಿವಾರದವರೆಗೂ ಸುಮ್ಮನಿದ್ದು ಭಾನುವಾರ ಬೆಳಿಗ್ಗೆ ‘ವಿಷಯ ಕಾಡು’ ಎಂದು ಜ್ಞಾಪಕ ಬಂದಾಗ. ಕಾರು ಹತ್ತು, ಬಂಡೀಪುರಕ್ಕೆ ಬಿಡು, ಆನೆ ಹಿಡಿ, ಸಂಜೆಗೆ ಮನೆ ಸೇರು!

ಇಲ್ಲೊಂದು ಯಂತ್ರದ ಗುಟ್ಟಿದೆ, ಎಲ್ಲರೂ ತಿಳಿದಿರಬೇಕು. ಮೊಬೈಲಿನ ಮುಖ್ಯ ಲೆನ್ಸು ಅಗಲವಾಗಿ ನೋಡುವ ಲೆನ್ಸು. ಹತ್ತಿರದ ಮುಖವನ್ನೂ ಸುತ್ತಲಿನ ಜಾಗವನ್ನೂ ಒಟ್ಟಿಗೆ ತುಂಬಿಸಿಕೊಳ್ಳಲೆಂದೇ ಮಾಡಿದ್ದು. ಅದರಲ್ಲಿ ದೂರದ ವಸ್ತು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನೂರು ಅಡಿ ಆಚೆ ನಿಂತ ಸಲಗ ಪರದೆಯ ಮೇಲೆ ಕಡಲೆಬೀಜದಷ್ಟು! ಬೆರಳಲ್ಲಿ ಎಳೆದು ದೊಡ್ಡದು ಮಾಡಿದರೆ ಬಹುತೇಕ ಮೊಬೈಲುಗಳಲ್ಲಿ ಪಟ ಮಸುಕಾಗುತ್ತದೆಯೇ ಹೊರತು ಆನೆ ಹತ್ತಿರ ಬರುವುದಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ತಾನೇ ಹತ್ತಿರ ಹೋಗುತ್ತಾನೆ. ಪರದೆಯಲ್ಲಿ ಆನೆ ಇನ್ನೂ ದೂರದಲ್ಲೇ ಇದ್ದಂತೆ ಕಾಣುತ್ತಿರುತ್ತದೆ. ಕಣ್ಣೆತ್ತಿ ನೋಡುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಓಡುವ ಆನೆಯ ಮುಂದೆ ಮನುಷ್ಯನ ಓಟ ಯಾವ ಲೆಕ್ಕ?

2025ರ ಆಗಸ್ಟ್‌ನಲ್ಲಿ ಊಟಿ ರಸ್ತೆಯ ಕೆಕ್ಕನಹಳ್ಳದ ಬಳಿ ಆದದ್ದನ್ನು ಈ ಜಿಲ್ಲೆಯ ಜನ ಮರೆತಿಲ್ಲ. ಆನೆಯ ಪಟಕ್ಕೆಂದು ಇಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿ ತುಳಿಯಿತು. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ ಆಮೇಲೆ ಅವರಿಗೆ 25,000 ರೂಪಾಯಿ ದಂಡವನ್ನೂ ಹಾಕಿತು. ಆ ದೃಶ್ಯವನ್ನು ಬೇರೆ ಗಾಡಿಯವರು ಮೊಬೈಲಿನಲ್ಲಿ ಹಿಡಿದಿದ್ದರು, ದೇಶವೆಲ್ಲ ನೋಡಿತು. ನೋಡಿದವರೆಲ್ಲ ಪಾಠ ಕಲಿತರೇ? ಮುಂದಿನ ಭಾನುವಾರ ರಸ್ತೆ ನೋಡಿದ್ದರೆ ಗೊತ್ತಾಗುತ್ತಿತ್ತು.

ತುಳಿಸಿಕೊಂಡವನ ಕಷ್ಟ ಅವನಿಗೆ. ಆದರೆ ಕೆಣಕಿ ತಪ್ಪಿಸಿಕೊಂಡವನ ಕಷ್ಟ ಯಾರಿಗೆ? ಇದೇ ಇಲ್ಲಿನ ನಿಜವಾದ ಪ್ರಶ್ನೆ. ಪಟ ತೆಗೆದವನು ಸಂಜೆ ಹೊತ್ತಿಗೆ ಮೈಸೂರು ದಾಟಿರುತ್ತಾನೆ. ಕೆರಳಿದ ಆನೆ ಮಾತ್ರ ಇಲ್ಲೇ ಇರುತ್ತದೆ. ಅದರ ಎದುರಿಗೆ ಸಿಗುವವನು ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬರುವ ಹಳ್ಳಿಯವನು, ದನ ಹೊಡೆದುಕೊಂಡು ಬರುವ ಹುಡುಗ, ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂತ ರೈತ. ‘ಅವ್ರು ಪಟ ತಕ್ಕಂಡು ಒಂಟೋಯ್ತಾರೆ ಕಣಣ್ಣ, ಆನೆ ಎತ್ಲಾಗೆ ಓಯ್ತದೆ?’ ಎಂಬ ಮಾತು ಟೀ ಅಂಗಡಿಯ ಬೆಂಚಿನ ಮೇಲೆ ಕೇಳಿ ಬಂದರೆ ಅದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ.

ಆನೆಗೂ ಪಾಠ ಹತ್ತುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಾಮರಾಜನಗರದಿಂದ ಆಸನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಲಾರಿಯಿಂದ ಜಲ್ಲೆ ಎಸೆದು ಎಸೆದು ಈಗ ಆನೆಗಳೇ ಲಾರಿ ನಿಲ್ಲಿಸಿ ‘ಸುಂಕ’ ವಸೂಲು ಮಾಡುತ್ತವೆ. ಪಟಕ್ಕೆ ಚೆನ್ನಾಗಿ ನಿಲ್ಲಲಿ ಎಂದು ಬಾಳೆಹಣ್ಣು, ಬಿಸ್ಕತ್ತು ಎಸೆಯುವವರು ಮದ್ದೂರು ರಸ್ತೆಗೂ ಅದೇ ಗತಿ ತರುತ್ತಾರೆ. ಆಮೇಲೆ ರಾತ್ರಿಯ ಬಾಗಿಲು ಹಗಲಿಗೂ ಬಿದ್ದರೆ ಅಂಗಡಿಯವರು ಯಾರನ್ನು ಕೇಳುವುದು?

ಕಾಡಿನ ಪಟ ತೆಗೆಯಲೇಬಾರದೆ? ತೆಗೆಯಬಹುದು, ಆದರೆ ಅದಕ್ಕೊಂದು ತಪಸ್ಸು ಬೇಕು. ಈ ನಾಡಿಗೆ ಅಂಥವರ ಕೊರತೆ ಇಲ್ಲ. ಭಾರತದ ಛಾಯಾಗ್ರಾಹಕರ ಒಕ್ಕೂಟ 1953ರಲ್ಲಿ ಹುಟ್ಟಿದ್ದರ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಇದ್ದರು. 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿ ಹವ್ಯಾಸಿಗಳ ತಲೆಮಾರುಗಳನ್ನೇ ತಯಾರು ಮಾಡಿತು. 2017ರಲ್ಲಿ ತೀರಿಕೊಂಡ ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಪಟಗಳನ್ನು ಜಗತ್ತೇ ಮೆಚ್ಚಿತು. ಮೈಸೂರಿನ ಕೃಪಾಕರ ಸೇನಾನಿ ಇದೇ ಸೀಮೆಯ ಕಾಡಿನಲ್ಲಿ ವರ್ಷಗಟ್ಟಲೆ ಕಾಡುನಾಯಿಗಳ ಬೆನ್ನು ಹತ್ತಿದವರು. 1997ರಲ್ಲಿ ವೀರಪ್ಪನ್ ಕೈಗೆ ಸಿಕ್ಕು 14 ದಿನ ಸೆರೆಯಿದ್ದರೂ ಕಾಡು ಬಿಡಲಿಲ್ಲ. ಅವರ ಕಾಡುನಾಯಿಯ ಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದು ಕರೆಯುವ ಪ್ರಶಸ್ತಿ ಬಂತು. ಅವರು ಕೊಟ್ಟದ್ದು ವರ್ಷಗಳನ್ನು. ಭಾನುವಾರದ ಕಾರಿನವನು ಕೊಡುವುದು ಐದು ನಿಮಿಷ. ಐದು ನಿಮಿಷದ ಹೂಡಿಕೆಗೆ ವರ್ಷಗಳ ಲಾಭ ಕೇಳಿದರೆ ಯಾವ ಶೆಟ್ಟರು ಕೊಟ್ಟಾರು?

ಹಾಗೆ ನೋಡಿದರೆ ವಾರದ ಸವಾಲಿನ ಮೂಲ ಉದ್ದೇಶವೇ ಬೇರೆ. ದೂರ ಹೋಗುವುದಲ್ಲ, ಹತ್ತಿರದ್ದನ್ನು ಕಾಣುವುದು. ಮದ್ದೂರಿನ ಬಸ್ಸು ನಿಲ್ಲುವ ಕಡೆಯೇ ವರ್ಷಕ್ಕಾಗುವಷ್ಟು ಪಟ ಬಿದ್ದಿದೆ. ‘ಕಾಯುವುದು’ ಎಂಬ ವಿಷಯಕ್ಕೆ ಬೆಳಗಿನ ಬಸ್ಸಿಗೆ ನಿಂತ ಕಾಲೇಜು ಹುಡುಗಿಯರ ಚೀಲಗಳ ಸಾಲು ಸಾಲದೆ? ‘ಕೈ’ ಎಂದರೆ ಕಾವಲಿಯ ಮೇಲೆ ದೋಸೆ ತಿರುವುವ ಕೈ, ಚೆಂಡು ಹೂವು ಕಿತ್ತು ಕಿತ್ತು ಹಳದಿಯಾದ ಹೆಂಗಸಿನ ಕೈ. ‘ಗೆರೆ’ ಎಂದರೆ ಕಾಡಿಗೂ ಹೊಲಕ್ಕೂ ನಡುವೆ ತೋಡಿದ ಆನೆ ಕಂದಕ. ಇನ್ನು ‘ಕಾಡು’ ಎಂಬ ವಿಷಯಕ್ಕೆ ಆನೆಯೇ ಬೇಕೆ? ಬಾಳೆ ತೋಟದ ಕೆಸರಲ್ಲಿ ಮೂಡಿದ ಹೆಜ್ಜೆ, ಅದರ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತ ರೈತ. ಆನೆ ಇಲ್ಲದ ಆ ಪಟದಲ್ಲಿ ಇರುವಷ್ಟು ಆನೆ, ರಸ್ತೆಯ ಬದಿಯ ಹತ್ತು ಸಾವಿರ ಪಟಗಳಲ್ಲಿ ಇಲ್ಲ.

ಹಳದಿಯ ವಿಚಾರಕ್ಕೂ ಬರೋಣ. ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆ ಸುತ್ತಮುತ್ತ ಸೂರ್ಯಕಾಂತಿ, ಚೆಂಡು ಹೂವಿನ ಹೊಲ ನೋಡಲು ಕೇರಳದಿಂದ, ಮೈಸೂರಿನಿಂದ ಜನ ಸಾಲುಗಟ್ಟಿ ಬರುತ್ತಾರೆ. ಬರಲಿ. ಟೀ ಅಂಗಡಿಗೆ ನಾಲ್ಕು ಕಾಸು ಆಗುತ್ತದೆ. ಹೊಲಕ್ಕೆ ಇಳಿದು ಪಟ ತೆಗೆಯಲು ಕೆಲವು ರೈತರು ದುಡ್ಡು ಇಸಿದುಕೊಳ್ಳುತ್ತಾರೆಂದು ಮೂಗು ಮುರಿಯುವವರಿದ್ದಾರೆ. ಯಾಕೆ ಇಸಿದುಕೊಳ್ಳಬಾರದು? ತುಳಿತಕ್ಕೆ ಸಿಕ್ಕ ಗಿಡ ಎಣ್ಣೆಯ ಗಾಣಕ್ಕೂ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುವುದಿಲ್ಲ. ಬದುವಿನ ಮೇಲೆ ನಿಂತು, ಕೇಳಿ, ಕೊಟ್ಟು ತೆಗೆಯುವುದು ಮರ್ಯಾದೆ. ಹವ್ಯಾಸಿಗಳಿಗೆ ಒಂದು ಪುಕ್ಕಟೆ ಸಲಹೆ: ಪೂರ್ತಿ ಅರಳಿದ ಸೂರ್ಯಕಾಂತಿ ಸೂರ್ಯನ ಹಿಂದೆ ತಿರುಗುವುದಿಲ್ಲ, ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ತಿರುಗುವುದೆಲ್ಲ ಎಳೆಯ ಗಿಡದ ಕಾಲದಲ್ಲಿ. ಆದ್ದರಿಂದ ಬೆಳಗಿನ ಎಳೆ ಬಿಸಿಲಲ್ಲಿ ಬಂದವನಿಗೆ ಹೂವಿನ ಮುಖ ಬೆಳಗಿ ಸಿಗುತ್ತದೆ. ಮಧ್ಯಾಹ್ನ ಎದ್ದು ಬಂದವನ ಪಟದಲ್ಲಿ ಆ ಕಳೆ ಇರುವುದಿಲ್ಲ.

ಕೇಳಿ ತೆಗೆಯಬೇಕೆಂಬ ಮಾತು ಹೂವಿಗಷ್ಟೇ ಅಲ್ಲ, ಮನುಷ್ಯರಿಗೂ ಸೇರಿದ್ದು. ಹೂವು ಕೀಳುವ ಹೆಂಗಸರಾಗಲಿ, ಬೆಂಚಿನ ಮೇಲೆ ತೂಕಡಿಸುವ ಮುದುಕಪ್ಪನಾಗಲಿ ಯಾರ ಪ್ರದರ್ಶನದ ಗೊಂಬೆಗಳೂ ಅಲ್ಲ. ‘ಅಕ್ಕ, ಒಂದು ಪಟ ತೆಗೀಲಾ?’ ಎಂದು ಕೇಳಿದರೆ ನಾಲಿಗೆ ಸವೆಯುವುದಿಲ್ಲ. ಬೇಡ ಎಂದರೆ ಬೇಡ. ಸರಿ ಎಂದರೆ ಒಂದು ಪ್ರಿಂಟು ಹಾಕಿಸಿ ತಂದುಕೊಡುವುದು ಧರ್ಮ. ರೋಲಿನ ಕಾಲದಲ್ಲಿ 36 ಪಟಕ್ಕೆ ಒಂದು ರೋಲು, ತೊಳೆಸುವ ಖರ್ಚು ಬೇರೆ. ಒತ್ತುವ ಮುಂಚೆ ಜೇಬು ಯೋಚಿಸುತ್ತಿತ್ತು. ಈಗ ಖರ್ಚಿಲ್ಲ, ಆದ್ದರಿಂದ ಯೋಚನೆಯೂ ಇಲ್ಲ. ಸಾವಿರ ಒತ್ತುತ್ತಾರೆ, ಒಂದನ್ನೂ ಕೊಡುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಅರಣ್ಯ ಇಲಾಖೆಯವರು ದಂಡ ಎಷ್ಟು, ಯಾತಕ್ಕೆ ಎಂಬುದನ್ನು ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೇಟಿನ ಮುಂಚೆಯೇ ಹಾಕಲಿ. ಯಾರು ಇಳಿದರೂ ದಂಡ ಹಾಕಲಿ, ದೊಡ್ಡವರ ಫೋನು ಬಂತೆಂದು ಬಿಡದಿರಲಿ. ಪಂಚಾಯಿತಿಯವರು ಹೂವಿನ ಕಾಲದಲ್ಲಿ ಊರ ಬಳಿ ಗಾಡಿ ನಿಲ್ಲಿಸಲು ಒಂದು ಜಾಗ ಗೊತ್ತು ಮಾಡಲಿ. ರಸ್ತೆಯೂ ಸಲೀಸು, ಅಂಗಡಿಗೂ ವ್ಯಾಪಾರ. ಸವಾಲು ನಡೆಸುವ ಗುಂಪಿನವರು ಒಂದೇ ಒಂದು ನಿಯಮ ಸೇರಿಸಲಿ: ಕಾಡಿನ ರಸ್ತೆಯಲ್ಲಿ ಇಳಿದು ತೆಗೆದ ಪಟ ಎಷ್ಟೇ ಚೆನ್ನಾಗಿದ್ದರೂ ತಿರಸ್ಕಾರ. ಶಹಬ್ಬಾಸ್ ನಿಂತರೆ ಕಾರೂ ನಿಲ್ಲುವುದಿಲ್ಲ.

ಅದಕ್ಕಿಂತ ಮೇಲಾದದ್ದು ಊರವರ ಕೈಲೇ ಇದೆ. ಮೊಬೈಲು ಬೆಂಗಳೂರಿನವರ ಹತ್ತಿರ ಮಾತ್ರ ಇದೆಯೇ? ಗುಂಡ್ಲುಪೇಟೆಯ ಒಂದು ಹೋಟೆಲಿನ ಗೋಡೆ, ಒಂದು ಶಾಲೆಯ ಬೋರ್ಡು ಸಾಕು. ಸೋಮವಾರ ಸೀಮೆಸುಣ್ಣದಲ್ಲಿ ಒಂದು ಪದ ಬರೆಯಲಿ. ಭಾನುವಾರ ಸಂಜೆ ಊರಿನ ಹುಡುಗ ಹುಡುಗಿಯರು, ಅಂಗಡಿಯವರು, ಕಂಡಕ್ಟರು ತಂದ ಪ್ರಿಂಟುಗಳು ಅಲ್ಲಿ ಅಂಟಲಿ. 52 ವಾರ ಕಳೆದರೆ ಒಂದು ಊರಿನ ಒಂದು ವರ್ಷ ಆ ಗೋಡೆಯ ಮೇಲೆ ನಿಂತಿರುತ್ತದೆ: ಮಳೆ, ಹೂವು, ಕಂದಕ, ದೋಸೆ, ಬಸ್ಸು, ಮದುವೆ, ಬೆಳೆ ಹೋದ ರೈತನ ಮುಖ. ಮುಂದೊಂದು ದಿನ ಮೊಮ್ಮಕ್ಕಳು ಮದ್ದೂರು ಹೇಗಿತ್ತು ಎಂದು ಕೇಳಿದರೆ ತೋರಿಸಲು ಅದಿರುತ್ತದೆ.

ಆನೆಯ ಪಟ ಯಾರ ಮೊಬೈಲಿನಲ್ಲಿ ಬೇಕಾದರೂ ಸಿಗುತ್ತದೆ. ಮದ್ದೂರಿನ ಪಟ ಮದ್ದೂರಿನವರೇ ತೆಗೆಯಬೇಕು. ಆನೆಯನ್ನು ಅದರ ಪಾಡಿಗೆ ಬಿಟ್ಟರೆ ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿ ಊರು ಸೇರುತ್ತದೆ, ಹಾಲಿನವನೂ ಮನೆ ಸೇರುತ್ತಾನೆ.