ಕುರ್ಚಿ ತೆಗೆದರೆ ನಿದ್ದೆ ಹೋಗುವುದಿಲ್ಲ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಹೋದ ತಿಂಗಳು ತೆಗೆಸಿಬಿಟ್ಟರು. ಬೆಳಗಿನ ಜಾವ ನಾಲ್ಕೂವರೆಗೆ ಏರ್‌ಪೋರ್ಟಿಗೆ ಹೊರಟಿದ್ದ ನಿವಾಸಿಯೊಬ್ಬರು, ಗದ್ದ ಎದೆಗೆ ತಾಗಿಸಿ ಕೂತಿದ್ದ ಸೆಕ್ಯುರಿಟಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದೇ ಕಾರಣ. ಹೊತ್ತೇರುವಷ್ಟರಲ್ಲಿ ಏಜೆನ್ಸಿಗೆ ದೂರು ಹೋಗಿ, ಹುಡುಗನ ಒಂದು ದಿನದ ಸಂಬಳ ಕಟ್ ಆಗಿ, ಕುರ್ಚಿ ಸ್ಟೋರ್ ರೂಮು ಸೇರಿತ್ತು. ಸಂಘದ ಸಭೆಯಲ್ಲಿ ನಾನೊಂದು ಸಲಹೆ ಇಟ್ಟೆ. ಕುರ್ಚಿ ವಾಪಸು ಬರಲಿ. ರಾತ್ರಿ ಗೇಟಿನಲ್ಲೊಬ್ಬ, ಬೇಸ್‌ಮೆಂಟಿನಲ್ಲೊಬ್ಬ ಹೇಗೂ ಇರುತ್ತಾರೆ. ಎರಡರಿಂದ ನಾಲ್ಕರೊಳಗೆ ಸರದಿಯ ಮೇಲೆ ತಲಾ ಅರ್ಧ ಗಂಟೆ ಅವರನ್ನು ಮಲಗಲು ಬಿಡೋಣ. ವರ್ಷದೊಳಗೆ ಹನ್ನೆರಡು ಗಂಟೆಯ ಡ್ಯೂಟಿಯನ್ನು ಎಂಟಕ್ಕೆ ಇಳಿಸೋಣ. ಸಭೆ ಮೊದಲು ನಕ್ಕಿತು, ಆಮೇಲೆ ಸಿಟ್ಟಾಯಿತು. ಅಂದು ಬಂದ ಆಕ್ಷೇಪಗಳಿಗೆ ಮಾತಿನಲ್ಲಿ ಉತ್ತರ ಹೇಳಲು ಅಧ್ಯಕ್ಷರು ಸಮಯ ಕೊಡಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಥರ್ಡ್ ಶಿಫ್ಟ್ ಮಾಡಿ ನಿವೃತ್ತನಾದವನು ನಾನು. ಈ ವಿಷಯದಲ್ಲಿ ತಟಸ್ಥ ಅಂತ ಹೇಳಿಕೊಳ್ಳುವುದಿಲ್ಲ.

"ಸಂಬಳ ಕೊಡೋದೇ ಎಚ್ಚರ ಇರೋಕೆ." ಇದು ಮೊದಲು ಬಂದ ಮಾತು, ಚಪ್ಪಾಳೆ ಗಿಟ್ಟಿಸಿದ ಮಾತೂ ಹೌದು. ಒಪ್ಪಿದೆ. ಆದರೆ ಎಚ್ಚರವನ್ನು ಸಂಬಳ ಕೊಟ್ಟು ಕೊಳ್ಳಲು ಬರುವುದಾದರೆ ಬೆಳಗಿನ ಜಾವದ ಹೈವೇಯಲ್ಲಿ ಒಬ್ಬ ಲಾರಿ ಡ್ರೈವರೂ ಕಣ್ಣು ಮುಚ್ಚುತ್ತಿರಲಿಲ್ಲ. ಅಲ್ಲಿ ಪಣಕ್ಕಿರುವುದು ಸಂಬಳವಲ್ಲ, ಅವನದೇ ಪ್ರಾಣ. ಬೆಳಗಿನ ನಾಲ್ಕೈದರ ಸುಮಾರಿಗೆ ಮೈ ಬಿಸಿ ದಿನದಲ್ಲೇ ಅತಿ ಕೆಳಕ್ಕೆ ಇಳಿದಿರುತ್ತದೆ, ನಿದ್ದೆ ಒತ್ತರಿಸುವುದೂ ಆಗಲೇ. ಜೀವಕೋಶದೊಳಗೇ ಒಂದು ಗಡಿಯಾರವಿದೆ, ಅದು ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ತೋರಿಸಿದ್ದಕ್ಕೇ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಆ ಗಡಿಯಾರಕ್ಕೆ ನಮ್ಮ ಏಜೆನ್ಸಿಯ ಫೀಲ್ಡ್ ಆಫೀಸರ್ ಮೆಮೊ ಕೊಡಲಾರ.

ನಂಬದಿದ್ದವರು ಗೇಟಿನ ವಾಹನ ರಿಜಿಸ್ಟರ್ ತಿರುವಿ ನೋಡಲಿ. ನಾನು ನೋಡಿದ್ದೇನೆ. ರಾತ್ರಿ ಹತ್ತಕ್ಕೆ ಬರೆದ ನಂಬರುಗಳು ಮಣಿ ಪೋಣಿಸಿದ ಹಾಗಿವೆ. ಒಂದು, ಎರಡಕ್ಕೂ ಅಕ್ಷರ ನೆಟ್ಟಗಿದೆ. ನಾಲ್ಕರ ಹೊತ್ತಿಗೆ ಬಂದ ಹಾಲಿನ ಗಾಡಿಯ ನಂಬರಿನಲ್ಲಿ 'ಕೆಎ' ಗೆರೆಯ ಮೇಲಿದೆ, ನಡುವಿನ ಅಂಕಿಗಳು ಗೆರೆಗೆ ಅಡ್ಡ ಬಿದ್ದಿವೆ, ಕೊನೆಯದು ಬಾಲದ ಥರ ಕೆಳಗಿನ ಸಾಲಿನೊಳಕ್ಕೆ ಜಾರಿ ಪೆನ್ನು ಅಲ್ಲೇ ನಿಂತಿದೆ. ಪಕ್ಕದಲ್ಲಿ ಅದೇ ನಂಬರನ್ನು ಮತ್ತೆ ಒತ್ತಿ ಬರೆದಿದ್ದಾನೆ. ಎಚ್ಚರ ಇರಬೇಕೆಂಬ ಮನಸ್ಸಿಲ್ಲದವನು ಎರಡನೇ ಸಲ ಬರೆಯುತ್ತಾನೆಯೇ?

"ಅಭ್ಯಾಸ ಆಗುತ್ತೆ ಬಿಡಿ." ಇದನ್ನು ಹೇಳುವವರು ಸಾಮಾನ್ಯವಾಗಿ ರಾತ್ರಿ ಪಾಳಿ ಮಾಡದವರು. ಕಾಯಂ ರಾತ್ರಿ ದುಡಿಯುವವರ ಮೇಲೆ ನಡೆದ ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದೇಹದ ಗಡಿಯಾರ ರಾತ್ರಿ ಕೆಲಸಕ್ಕೆ ಪೂರ್ತಿ ಹೊಂದಿಕೊಂಡವರು ನೂರಕ್ಕೆ ಮೂವರೂ ಇರಲಿಲ್ಲ. ಉತ್ತರ ಸಮುದ್ರದ ತೈಲ ವೇದಿಕೆಗಳಲ್ಲಿ ವಾರಗಟ್ಟಲೆ ಇರುವವರಲ್ಲಿ ಕೆಲವರು ಹೊಂದಿಕೊಳ್ಳುತ್ತಾರೆ, ನಿಜ. ಅಲ್ಲಿ ಕೆಲಸ ಮುಗಿದರೆ ನಾಲ್ಕು ಹೆಜ್ಜೆಯಲ್ಲಿ ಕತ್ತಲೆ ಕೋಣೆ. ಮನೆಯಿಲ್ಲ, ಮಕ್ಕಳಿಲ್ಲ, ರೇಷನ್ ಅಂಗಡಿಯ ಕ್ಯೂ ಇಲ್ಲ. ನಮ್ಮ ಹುಡುಗ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಬಿಟ್ಟು ಎಳೆ ಬಿಸಿಲಲ್ಲಿ ನಡೆದು ಹೋಗುತ್ತಾನೆ. ಆ ಬೆಳಕು ಕಣ್ಣಿಗೆ ಬಿದ್ದೊಡನೆ ರಾತ್ರಿಯೆಲ್ಲ ಅಷ್ಟಿಷ್ಟು ಸರಿದಿದ್ದ ಗಡಿಯಾರ ಮತ್ತೆ ಹಗಲಿಗೇ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ ಏಜೆನ್ಸಿಯವರು ವಾರ ಎರಡು ವಾರಕ್ಕೊಮ್ಮೆ ಹಗಲು–ರಾತ್ರಿ ಅದಲು ಬದಲು ಮಾಡುತ್ತಾರೆ. ಅಭ್ಯಾಸವಾಗಲು ಬಿಡುವುದೇ ಇಲ್ಲ, ಆಗಲಿಲ್ಲವೆಂದು ಬೈಯುವುದು ಮಾತ್ರ ಬಿಡುವುದಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿದೆ. ಅಭ್ಯಾಸ ಮಾಡಿಕೊಳ್ಳಿ ಎಂದು ಹೇಳುವಾಗ ಯಾವುದರ ಅಭ್ಯಾಸ ಎಂಬುದೂ ಗೊತ್ತಿರಲಿ.

"ಹಗಲೆಲ್ಲ ಮನೇಲಿ ಬಿದ್ದಿರ್ತಾರಲ್ಲ, ಆಗ ಮಲಗಲಿ." ಮನೆ ಎಂದಿರಿ. ನಮ್ಮ ಹುಡುಗ ಯಾದಗಿರಿ ಕಡೆಯವನು. ಅವನ ಮನೆ ಹಿಂದಿನ ರಸ್ತೆಯ ಖಾಲಿ ಸೈಟಿನಲ್ಲಿ ಏಜೆನ್ಸಿ ಹಾಕಿಸಿರುವ ತಗಡಿನ ಶೆಡ್ಡು. ಮಲಗುವವರು ಎಂಟು ಮಂದಿ, ಹಾಸಿಗೆ ನಾಲ್ಕು. ಹಗಲು ಡ್ಯೂಟಿಯವನು ಎದ್ದ ಹಾಸಿಗೆಗೆ ರಾತ್ರಿ ಡ್ಯೂಟಿಯವನು. ಸ್ನಾನ, ಅಡುಗೆ, ಊಟ ಮುಗಿಸಿ ತಲೆ ಇಡುವಾಗ ಹತ್ತು ಗಂಟೆ. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಮೆಷಿನ್ ಶುರುವಾಗುವುದೂ ಅಷ್ಟೊತ್ತಿಗೇ. ಹನ್ನೆರಡಕ್ಕೆ ತಗಡು ಕಾಯುತ್ತದೆ, ಒಳಗೆ ಇರಲಾಗದೆ ಎದ್ದು ಹೊರಗೆ ಬರುತ್ತಾನೆ. ಏಪ್ರಿಲಿನಲ್ಲಂತೂ ಕೇಳುವುದೇ ಬೇಡ.

ಈಗ ಲೆಕ್ಕ ಹಾಕಿ. ಮಧ್ಯಾಹ್ನ ಹನ್ನೆರಡಕ್ಕೆ ಎದ್ದವನು ಮಾರನೇ ಬೆಳಿಗ್ಗೆ ಐದಕ್ಕೆ ಹದಿನೇಳು ಗಂಟೆಯಿಂದ ಎಚ್ಚರವಾಗಿರುತ್ತಾನೆ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಇದನ್ನೇ ಅಳೆದು ತೋರಿಸಿದರು. ಹದಿನೇಳು ಗಂಟೆ ನಿದ್ದೆಯಿಲ್ಲದವನ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವನ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಗಾಡಿ ಓಡಿಸಿದ್ದರೆ ಪೊಲೀಸರು ಹಿಡಿಯಬೇಕಾದ ಸ್ಥಿತಿಯಲ್ಲಿ ಅವನನ್ನು ನಾವು ಗೇಟಿಗೆ ನಿಲ್ಲಿಸಿದ್ದೇವೆ. ಇನ್ನು 'ರಿಲೀವರ್ ಬಂದಿಲ್ಲ' ಅಂತ ಫೋನು ಬಂದ ದಿನ ಇದೇ ಹುಡುಗ ಡಬಲ್ ಡ್ಯೂಟಿ ಎಳೆಯುತ್ತಾನೆ, ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆ. ಆ ಫೋಟೊ ತೆಗೆದ ದಿನ ಅವನದು ಡಬಲ್ ಡ್ಯೂಟಿ. ಇದನ್ನು ನಾನು ಸಭೆಯಲ್ಲೂ ಹೇಳಿದೆ. ನಡಾವಳಿ ಪುಸ್ತಕದಲ್ಲಿ ಬಂದಿಲ್ಲ.

ಎರಡನೇ ಬ್ಲಾಕಿನ ಕುಂದಾಪುರದ ಹಿರಿಯರು ಎತ್ತಿದ ಆಕ್ಷೇಪ ನನಗೆ ಇಷ್ಟವಾಯಿತು. "ನಮ್ಮೂರಲ್ಲಿ ಇಡೀ ರಾತ್ರಿ ಆಟ ಕುಣಿದು ಮಾರನೇ ದಿನ ಇನ್ನೊಂದೂರಲ್ಲಿ ಗೆಜ್ಜೆ ಕಟ್ತಿದ್ರು. ಅವರಿಗಿಲ್ಲದ ನಿದ್ದೆ ಇವರಿಗೆ ಮಾತ್ರ ಯಾಕೆ ಮಾರಾಯ್ರೆ?" ಹಿರಿಯರೇ, ಯಕ್ಷಗಾನದ ಚೌಕಿಗೆ ಹೋಗಿ ನೋಡಿದವರು ನೀವು, ನೀವೇ ಹೇಳಿ. ಒಬ್ಬನೇ ಭಾಗವತ ಸಂಜೆಯಿಂದ ಮಂಗಳದವರೆಗೆ ಹಾಡುತ್ತಿದ್ದನೇ? ಮುಂಜಾವಿನ ಪ್ರಸಂಗಕ್ಕೆ ಮುಖ್ಯ ಭಾಗವತರು, ಮೊದಲರ್ಧಕ್ಕೆ ಕಿರಿಯರು ಅಂತ ರಾತ್ರಿಯನ್ನೇ ಪಾಲು ಮಾಡಿಕೊಂಡಿರಲಿಲ್ಲವೇ? ಬೆಳಗಿನ ಜಾವಕ್ಕೆ ರಂಗಕ್ಕೆ ಹೋಗಬೇಕಾದ ವೇಷಧಾರಿ ಅಲ್ಲಿಯವರೆಗೆ ಪೆಟ್ಟಿಗೆಗೆ ತಲೆ ಕೊಟ್ಟು ಒಂದು ನಿದ್ದೆ ತೆಗೆಯುತ್ತಿರಲಿಲ್ಲವೇ? ನನ್ನ ಸಲಹೆಯೂ ಇದೇ: ಸರದಿ ನಿದ್ದೆ. ಮೇಳದವರಿಗೆ ಅದು ನೂರಾರು ವರ್ಷದಿಂದ ಗೊತ್ತಿದೆ. ಪ್ರೇಕ್ಷಕರ ಮಾತು ಬೇರೆ. ಚಾಪೆ ಹಾಸಿಕೊಂಡು ಬಂದವರಲ್ಲಿ ಎಷ್ಟು ಮಂದಿ ಚೆಂಡೆ ಜೋರಾದಾಗ ಮಾತ್ರ ಏಳುತ್ತಿದ್ದರು ಎಂಬ ಲೆಕ್ಕ ಈಗ ಬೇಡ. ಇಷ್ಟಾಗಿಯೂ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಾಯಿತು. ಕಲೆಯೇ ಮಧ್ಯರಾತ್ರಿಯ ಆಸುಪಾಸು ಮನೆಗೆ ಹೋಗುವಾಗ ಕಾವಲಿನ ಹುಡುಗ ಮಾತ್ರ ಪೂರ್ಣರಾತ್ರಿಯ ಪ್ರಯೋಗ ಕೊಡಬೇಕು.

ಅದೇ ಸಾಲಿನಲ್ಲಿ ಇನ್ನೊಬ್ಬರು ಲಕ್ಷ್ಮಣನನ್ನೂ ತಂದರು, ಹದಿನಾಲ್ಕು ವರ್ಷ ಕಣ್ಣು ಮುಚ್ಚದವನು ಅಂತ. ಆ ಜನಪದ ಕಥೆಯ ಉಳಿದರ್ಧವನ್ನೂ ಹೇಳಬೇಕಿತ್ತು. ಅವನ ಪಾಲಿನ ನಿದ್ದೆಯನ್ನು ಊರ್ಮಿಳೆ ಅಯೋಧ್ಯೆಯಲ್ಲಿ ಮಲಗಿ ತೀರಿಸಿದಳು. ಕಥೆ ಕಟ್ಟಿದವರಿಗೂ ನಿದ್ದೆಯನ್ನು ಸುಮ್ಮನೆ ಮಾಯ ಮಾಡುವ ಧೈರ್ಯ ಬಂದಿಲ್ಲ.

"ಫ್ಲಾಸ್ಕಲ್ಲಿ ಕಾಫಿ ಇಡೋಣ." ಇಡಿ, ಒಳ್ಳೆಯದೇ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗಿ ನಿದ್ದೆ ಒತ್ತರಿಸುತ್ತದೆ. ಕಾಫಿ ಅದರ ಕೆಲಸವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅದನ್ನು ಖಾಲಿ ಮಾಡುವುದಿಲ್ಲ. ನಾಲ್ಕಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ಬೆಳಿಗ್ಗೆ ಒಂಬತ್ತಕ್ಕೂ ಮೈಯಲ್ಲೇ ಇದ್ದು, ಸಿಗಬಹುದಾಗಿದ್ದ ಎರಡು ಗಂಟೆ ನಿದ್ದೆಯನ್ನೂ ಕೆಡಿಸುತ್ತದೆ. ಕಾಫಿ ಸಾಲದಾದಾಗ ಹುಡುಗರು ಏನು ಮಾಡುತ್ತಾರೆ ಎಂಬುದು ಬೂತಿನ ಹಿಂದಿನ ಗೋಡೆ ನೋಡಿದರೆ ತಿಳಿಯುತ್ತದೆ. ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ. ಅಂಗೈಯಲ್ಲಿ ಬೆರೆಸಿಕೊಳ್ಳುವ ಕೆಲಸ ಮಾತ್ರ ಗಿರಾಕಿಯದು. ಗೋಡೆ ಕೆಂಪಾಯಿತೆಂದು ದೂರು ಕೊಟ್ಟವರೂ ಕಾಫಿಯ ಸಲಹೆ ಕೊಟ್ಟವರೂ ಒಬ್ಬರೇ.

ಇನ್ನು ನಿಜವಾಗಿ ಉತ್ತರ ಬೇಡುವ ಪ್ರಶ್ನೆ: "ಅವನು ಮಲಗಿದ್ದಾಗಲೇ ಕಳ್ಳ ಬಂದರೆ?" ಕೇಳಿದವರು ಒಂಟಿಯಾಗಿರುವ ಹೆಣ್ಣುಮಗಳು, ಕೆಳಗಿನ ಮಹಡಿ. ಅವರ ಭಯ ಸಣ್ಣದಲ್ಲ, ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ನಮ್ಮ ಮುಂದಿರುವ ಆಯ್ಕೆ ನಿದ್ದೆಯೋ ಎಚ್ಚರವೋ ಎಂಬುದಲ್ಲ. ಈಗಲೂ ಅವನು ಮಲಗುತ್ತಿದ್ದಾನೆ. ಯಾವಾಗ, ಎಷ್ಟು ಹೊತ್ತು ಎಂಬುದು ಅವನಿಗೇ ಗೊತ್ತಿಲ್ಲ, ಬೇಸ್‌ಮೆಂಟಿನವನಿಗಂತೂ ಗೊತ್ತೇ ಇಲ್ಲ. ಇಬ್ಬರೂ ಒಂದೇ ಹೊತ್ತಿಗೆ ಜೋಲಿ ಹೊಡೆಯುತ್ತಿರಬಹುದು. ಕಣ್ಣು ತೆರೆದೇ ಇದ್ದು ಮಿದುಳು ಕೆಲವು ಸೆಕೆಂಡು ಆಫ್ ಆಗುವುದೂ ಉಂಟು. ಲೇತ್ ಮುಂದೆ ನಿಂತವನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ: ಟೂಲು ಕಚ್ಚಿದ ಸದ್ದಿಗೆ ಬೆಚ್ಚಿ ನೋಡಿದರೆ ಕೈ ಹಿಡಿಕೆಯ ಮೇಲೇ ಇದೆ, ನಡುವಿನದು ನೆನಪಿಲ್ಲ. ನಾವು ಹುಣಸೆಹಣ್ಣು ಚೀಪುತ್ತಿದ್ದೆವು, ಮಗ್ಗಿ ಹೇಳಿಕೊಳ್ಳುತ್ತಿದ್ದೆವು, ಒಬ್ಬ ಚಾರ್ಜ್‌ಮನ್ ಅಂತೂ ಸುಮ್ಮನೆ ಬಂದು ಜಗಳ ತೆಗೆಯುತ್ತಿದ್ದ. ಜಗಳ ಹೆಚ್ಚು ಕೆಲಸ ಮಾಡುತ್ತಿತ್ತು.

ನಾನು ಕೇಳುತ್ತಿರುವುದು ಕದ್ದ ನಿದ್ದೆಯ ಜಾಗದಲ್ಲಿ ಹೇಳಿ ಕೇಳಿ ಮಾಡುವ ನಿದ್ದೆ. ಒಬ್ಬ ಮಲಗಿದಾಗ ಇನ್ನೊಬ್ಬ ಗೇಟಿನಲ್ಲಿರುತ್ತಾನೆ, ಹೊತ್ತು ರಿಜಿಸ್ಟರಿನಲ್ಲಿರುತ್ತದೆ. ಇದಕ್ಕೆ ದೊಡ್ಡವರ ಸಾಕ್ಷಿಯೂ ಇದೆ. ಪೆಸಿಫಿಕ್ ಸಾಗರ ದಾಟುವ ವಿಮಾನಗಳ ಪೈಲಟ್‌ಗಳನ್ನು ನಾಸಾ ಪರೀಕ್ಷಿಸಿ 1994ರಲ್ಲಿ ವರದಿ ಕೊಟ್ಟಿತು. ಒಂದು ಗುಂಪಿಗೆ ಹಾರಾಟದ ನಡುವೆ ಸರದಿಯಲ್ಲಿ 40 ನಿಮಿಷದ ಬಿಡುವು, ಅದರಲ್ಲಿ ಅವರಿಗೆ ದಕ್ಕಿದ ನಿದ್ದೆ ಸರಾಸರಿ 26 ನಿಮಿಷ. ಇನ್ನೊಂದು ಗುಂಪಿಗೆ ಬಿಡುವಿಲ್ಲ. ಬಿಡುವಿಲ್ಲದವರು ವಿಮಾನ ಕೆಳಗಿಳಿಯುವ ಹೊತ್ತಿನಲ್ಲೂ ಕ್ಷಣ ಕ್ಷಣ ನಿದ್ದೆಗೆ ಜಾರಿದ್ದರು. ಮಲಗಿ ಎದ್ದವರಲ್ಲಿ ಆ ಹಂತದಲ್ಲಿ ಅದು ಕಾಣಲಿಲ್ಲ. ನಮ್ಮ ರೈಲ್ವೆಯೂ ಡ್ರೈವರನ ಸಂಕಲ್ಪಬಲವನ್ನೇ ನೆಚ್ಚಿ ಕೂತಿಲ್ಲ. ಲೋಕೊ ಪೈಲಟ್ ಸುಮಾರು ಒಂದು ನಿಮಿಷ ಯಾವ ಹಿಡಿಕೆಯನ್ನೂ ಗುಂಡಿಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಬಜರ್ ಕೂಗುತ್ತದೆ, ಆಗಲೂ ಸುಮ್ಮನಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ. ಮನುಷ್ಯ ತೂಕಡಿಸುತ್ತಾನೆ ಎಂದು ಒಪ್ಪಿಕೊಂಡ ಮೇಲೇ ಅಂಥದ್ದೊಂದು ಯಂತ್ರ ಹುಟ್ಟುವುದು.

ಒಂದು ಕೊಂಕು ಮಾತ್ರ ಸರಿಯಾದದ್ದು: ಎದ್ದ ತಕ್ಷಣ ಮಂಕು ಕವಿದಿರುತ್ತದೆ. ಹೌದು. ಅದಕ್ಕೇ ಅರ್ಧ ಗಂಟೆ ಎಂದೆ. ಒಂದು ಗಂಟೆ ಬಿಟ್ಟರೆ ನಿದ್ದೆ ಆಳಕ್ಕಿಳಿದು ಎದ್ದವನು ಇನ್ನಷ್ಟು ಹೊತ್ತು ಗೊಂದಲದಲ್ಲಿರುತ್ತಾನೆ. ಮುಖ ತೊಳೆದು ಒಂದು ಸುತ್ತು ಹಾಕಿ ಬಂದ ಮೇಲೆ ಗೇಟು ವಹಿಸಿಕೊಳ್ಳಲಿ ಎಂದು ನಿಯಮದಲ್ಲೇ ಬರೆಯೋಣ.

"ಕುರ್ಚಿ ಕೊಟ್ಟರೆ ಮಲಗ್ತಾರೆ." ಕೊಡದಿದ್ದರೂ ಮಲಗುತ್ತಾರೆ, ಗೋಡೆಗೆ ಒರಗಿ. ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರಿಗೆ ಕೂರುವ ಹಕ್ಕು ಕೊಟ್ಟು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯ್ದೆ ತಿದ್ದಿದವು. ಹನ್ನೆರಡು ಗಂಟೆ ನಿಲ್ಲಿಸುವುದನ್ನು ಭದ್ರತೆ ಎಂದು ಕರೆಯಬೇಕಿಲ್ಲ.

ದುಡ್ಡಿನ ಮಾತು ಕೊನೆಗೆ ಬಂತು, ಎಲ್ಲ ಸಭೆಯಲ್ಲೂ ಬರುವಂತೆ. ಕುರ್ಚಿಗೆ, ಸರದಿ ನಿದ್ದೆಗೆ ಒಂದು ಪೈಸೆ ಖರ್ಚಿಲ್ಲ. ಎಂಟು ಗಂಟೆಯ ಡ್ಯೂಟಿಗೆ ಖರ್ಚಿದೆ. ನಮ್ಮಲ್ಲಿ ಎರಡು ಪೋಸ್ಟು, ಪೋಸ್ಟಿಗೆ ಇಬ್ಬರ ಬದಲು ಮೂವರು ಎಂದರೆ ಎರಡು ತಲೆ ಹೆಚ್ಚು. ಏಜೆನ್ಸಿ ಈಗ ಹಾಕುವ ಬಿಲ್ಲಿನಂತೆ ಹಂಚಿದರೆ ಒಂದೊಂದು ಫ್ಲಾಟಿಗೆ ತಿಂಗಳಿಗೆ ಒಂದು ಪಿಜ್ಜಾದ ಬೆಲೆ ಬೀಳುತ್ತದೆ. "ಬೇರೆ ಅಪಾರ್ಟ್‌ಮೆಂಟಲ್ಲೆಲ್ಲ ಹನ್ನೆರಡೇ" ಎಂದರು ಖಜಾಂಚಿ. ಇರಬಹುದು. ಆದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಲೆಕ್ಕ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಹನ್ನೆರಡನ್ನು ಆರರಿಂದ ಗುಣಿಸಿದರೆ ಎಪ್ಪತ್ತೆರಡು. ಏಳನೇ ದಿನದ ರಜೆ ಸಿಕ್ಕರೆ ಈ ಲೆಕ್ಕ. ಆ ಹೆಚ್ಚುವರಿ ಇಪ್ಪತ್ನಾಲ್ಕು ಗಂಟೆಗೆ ಓವರ್‌ಟೈಮ್ ಯಾರಿಗೆ ಎಷ್ಟು ಸೇರುತ್ತಿದೆ ಎಂದು ಏಜೆನ್ಸಿಯಿಂದ ಲಿಖಿತವಾಗಿ ತರಿಸಿ ಮುಂದಿನ ಸಭೆಗೆ ಇಡಿ ಎಂದು ಖಜಾಂಚಿಯವರಿಗೆ ಕೇಳಿದ್ದೇನೆ. ಉತ್ತರ ಬರುವವರೆಗೆ ಸ್ಟೋರ್ ರೂಮಿನ ಬೀಗದ ಕೈಯಾದರೂ ಕೊಡಿ, ಕುರ್ಚಿ ನಾನೇ ಎತ್ತಿಕೊಂಡು ಹೋಗುತ್ತೇನೆ.